ಐದನೇ ಎರಡು ಅಂದವರು

ದಾವಣಗೆರೆಯ ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಬರೆಯುವ ನೆನಪಿನ ಸಂಚಿಕೆ ಇದು. ವಾರ್ಷಿಕೋತ್ಸವ, ದುರ್ಗದ ಕೋಟೆಗೆ ಹೋದ ಪ್ರವಾಸ, ಕೊಕ್ಕೊ ತಂಡ ಗೆದ್ದ ಕಪ್, ಇವನ್ನೆಲ್ಲ ನನ್ನ ಜೊತೆ ಓದಿದವರು ನನಗಿಂತ ಚೆನ್ನಾಗಿ ಬರೆಯುತ್ತಾರೆ. ನಾನು ಲೆಕ್ಕದ ಪೀರಿಯಡ್ ಬಗ್ಗೆ ಬರೆಯುತ್ತೇನೆ. ನಾನೀಗ ಹರಿಹರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಲೆಕ್ಕವನ್ನೇ ಕಲಿಸುತ್ತೇನೆ. ಈ ಮಕ್ಕಳಿಗೆ ಲೆಕ್ಕ ಯಾಕೆ ಹತ್ತುವುದಿಲ್ಲ ಅನ್ನುವ ಮಾತು ಸ್ಟಾಫ್ ರೂಮಿನಲ್ಲಿ ದಿನಾ ಏಳುತ್ತದೆ. ಉತ್ತರವೂ ರೆಡಿ ಇರುತ್ತದೆ: ಆಸಕ್ತಿ ಇಲ್ಲ, ಮೊಬೈಲ್ ಜಾಸ್ತಿ, ಮನೆಯಲ್ಲಿ ಹೇಳಿಕೊಡುವವರಿಲ್ಲ. ಆಗೆಲ್ಲ ನನಗೆ ನಮ್ಮ ಎಂಟನೇ ಕ್ಲಾಸು ನೆನಪಾಗುತ್ತದೆ.

ನಾವು ಎಸ್‌ಎಸ್‌ಎಲ್‌ಸಿ ಮುಗಿಸಿದ್ದು 1993ರಲ್ಲಿ. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಹೆಸರಿಗೆ ತಾಲ್ಲೂಕಾದರೂ ಊರು ಮಾತ್ರ ದೊಡ್ಡ ವ್ಯಾಪಾರದ ಊರು. ನಮ್ಮ ಕ್ಲಾಸಿನಲ್ಲಿ ಮಂಡಿಪೇಟೆಯ ದಲಾಲಿ ಅಂಗಡಿಯವರ ಮಕ್ಕಳಿದ್ದರು. ಹತ್ತಿ ಮಿಲ್ಲಿಗೆ ಹೋಗುವವರ ಮಕ್ಕಳು, ಹಮಾಲರ ಮಕ್ಕಳು, ಮಂಡಕ್ಕಿ ಭಟ್ಟಿಯಿಂದ ಬರುವವರೂ ಇದ್ದರು. ಎಲ್ಲರ ಮನೆಯಲ್ಲೂ ಬೆಳಗಾದರೆ ತೂಕ, ದರ, ಬಾಕಿ, ಬಡ್ಡಿ. ಲೆಕ್ಕ ಇಲ್ಲದೆ ಒಲೆ ಉರಿಯದ ಮನೆಗಳು. ಆದರೂ ಕ್ಲಾಸಿನಲ್ಲಿ ಅರ್ಧಕ್ಕರ್ಧ ಜನಕ್ಕೆ ಲೆಕ್ಕ ಅಂದರೆ ಹೊಟ್ಟೆಯಲ್ಲಿ ತಳಮಳ.

ಆ ತಳಮಳ ಪ್ರೈಮರಿಯಿಂದ ಬಂದದ್ದು. ಯಾವ ಶಾಲೆ, ಯಾರು ಅನ್ನುವುದು ಬೇಡ, ಆಗ ಎಲ್ಲ ಕಡೆಯೂ ಹಾಗೇ ಇತ್ತು. ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಮಗ್ಗಿ ಕೇಳುವುದು. ತಡವರಿಸಿದರೆ ಗೆಣ್ಣಿನ ಮೇಲೆ ಸ್ಕೇಲು. ನನ್ನ ಸರದಿ ಹತ್ತಿರ ಬಂದಂತೆ ನನಗೆ ಗೊತ್ತಿದ್ದ ಹದಿಮೂರರ ಮಗ್ಗಿಯೂ ಎಲ್ಲೋ ಮಾಯವಾಗುತ್ತಿತ್ತು. ಸ್ಕೇಲು ಪಕ್ಕದವಳ ಕಡೆ ದಾಟಿದ ಮೇಲೆ ಗಿಣಿಯ ಹಾಗೆ ಬರುತ್ತಿತ್ತು! ನಾನು ದಡ್ಡಿ ಅಂತ ತುಂಬಾ ದಿನ ನಂಬಿದ್ದೆ. ಬಿ.ಎಡ್ ಮಾಡುವಾಗ ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಕ್ ಆಶ್‌ಕ್ರಾಫ್ಟ್ ಅವರ ಕೆಲಸದ ಬಗ್ಗೆ ಓದಿದೆ. ಲೆಕ್ಕ ಮಾಡುವಾಗ ಒಂದಷ್ಟು ಸಂಖ್ಯೆಗಳನ್ನು ಮನಸ್ಸಿನಲ್ಲೇ ಹಿಡಿದಿಟ್ಟುಕೊಳ್ಳಬೇಕಲ್ಲ, ಆ ಜಾಗವನ್ನು ಭಯ ಆಕ್ರಮಿಸಿಕೊಳ್ಳುತ್ತದೆ ಅನ್ನುತ್ತಾರೆ ಅವರು. ಅದಕ್ಕೇ ದಶಕ ಬರುವ ಕೂಡುವ ಲೆಕ್ಕಗಳಲ್ಲಿ ಅಂಜುವವರು ಹೆಚ್ಚು ಎಡವುತ್ತಾರಂತೆ, ಸುಲಭದ ಲೆಕ್ಕದಲ್ಲಿ ಅಷ್ಟಾಗಿ ಅಲ್ಲ. ಅಂದರೆ ಹೊಡೆದು ಕಲಿಸುವವರು ಕಲಿಯುವ ಜಾಗವನ್ನೇ ಕಿತ್ತುಕೊಳ್ಳುತ್ತಿದ್ದರು. ಹೊಡೆತ ತಿಂದೇ ನಾವು ಕಲಿತದ್ದು ಅಂತ ಈಗಲೂ ಹೆಮ್ಮೆಯಿಂದ ಹೇಳುವ ಹಿರಿಯರಿದ್ದಾರೆ. ಕಲಿಯದೆ ಬಿಟ್ಟವರನ್ನು ಯಾರೂ ವೇದಿಕೆಗೆ ಕರೆದು ಕೇಳುವುದಿಲ್ಲ, ಅಲ್ವಾ?

ಎಂಟನೇ ಕ್ಲಾಸಿಗೆ ಬಂದಾಗ ನಮಗೆ ಸಿಕ್ಕ ಲೆಕ್ಕದ ಮೇಷ್ಟ್ರು ಬೇರೆ ಥರ. ಹೆಸರು ಬರೆಯಬಾರದು ಅಂತ ಅವರೇ ಹಿಂದೊಮ್ಮೆ ಹೇಳಿದ್ದರು, ಬರೆಯುವುದಿಲ್ಲ. ಈ ಸಂಚಿಕೆ ಓದುವ ಹಳಬರಿಗೆ ಹೇಗೂ ಗೊತ್ತಾಗುತ್ತದೆ. ಜೂನ್ ತಿಂಗಳ ಒಂದು ಮಧ್ಯಾಹ್ನ ಹಲಗೆಯ ಮೇಲೆ ಎರಡನೇ ಒಂದು, ಅದಕ್ಕೆ ಮೂರನೇ ಒಂದು ಕೂಡಿಸಿ ಅಂತ ಬರೆದರು. ಎಂಟನೇ ಕ್ಲಾಸಿಗೆ ಇದೇನು ಲೆಕ್ಕ ಅಂತ ಜಾಣರು ಮುಖ ಮುಖ ನೋಡಿಕೊಂಡರು. ಉಳಿದವರಲ್ಲಿ ಬಹಳ ಜನ ಬರೆದದ್ದು ಐದನೇ ಎರಡು.

ಮೇಷ್ಟ್ರು ಬಯ್ಯಲಿಲ್ಲ. ಆ ಉತ್ತರವನ್ನೇ ಹಲಗೆಯ ಮೇಲೆ ದೊಡ್ಡದಾಗಿ ಬರೆದರು. "ಇದು ಸರಿ ಅನ್ನೋರು ಎದ್ದು ವಾದ ಮಾಡ್ರಿ" ಅಂದರು. ಮೊದಲು ಯಾರೂ ಏಳಲಿಲ್ಲ. ಆಮೇಲೆ ಒಬ್ಬಳು, "ಮೇಲಿಂದಕ್ಕೆ ಮೇಲಿಂದು, ಕೆಳಗಿಂದಕ್ಕೆ ಕೆಳಗಿಂದು ಕೂಡಿಸಿದೀವಿ ಸಾರ್" ಅಂದಳು. ಹಿಂದಿನ ಬೆಂಚಿನ ಒಬ್ಬ ಕ್ರಿಕೆಟ್ ಹುಚ್ಚ ಎದ್ದ. "ಸಾರ್, ಮೊದಲು ಎರಡು ಮ್ಯಾಚ್ ಆಡಿ ಒಂದು ಗೆದ್ವಿ. ಆಮೇಲೆ ಮೂರು ಆಡಿ ಒಂದು ಗೆದ್ವಿ. ಒಟ್ಟು ಐದರಲ್ಲಿ ಎರಡು. ಸರಿ ಐತಲ್ಲ ಸಾರ್?"

ಮೇಷ್ಟ್ರ ಮುಖ ಅರಳಿತು. "ಇವನು ಹೇಳಿದ್ದರಲ್ಲಿ ಒಂದು ಅಕ್ಷರಾನೂ ತಪ್ಪಿಲ್ಲ. ಆದ್ರೆ ಇವನು ಬೇರೆ ಲೆಕ್ಕ ಮಾಡಿದಾನೆ, ನಾನು ಕೇಳಿದ್ದು ಬೇರೆ. ಎರಡಕ್ಕೂ ಏನು ವ್ಯತ್ಯಾಸ?" ಕ್ಲಾಸಿಗೆ ಕ್ಲಾಸೇ ಗಲಾಟೆ. ಪಕ್ಕದ ಕ್ಲಾಸಿನ ಮೇಡಂ ಬಂದು ಬಾಗಿಲಲ್ಲಿ ಇಣುಕಿದರು. ಗಲಾಟೆಯ ನಡುವೆ ಯಾರೋ ಕೇಳಿದರು, ಐದನೇ ಎರಡು ಅರ್ಧಕ್ಕಿಂತ ಕಡಿಮೆ ಅಲ್ವಾ, ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಅದು ಹೆಂಗೆ ಕಡಿಮೆ ಆಯ್ತು? ಬೆಲ್ ಆಯಿತು. ಮೇಷ್ಟ್ರು ಉತ್ತರ ಹೇಳದೆ ಹೋದರು.

ಮರುದಿನ ಒಬ್ಬ ಗಡಿಯಾರ ಹಿಡಿದು ಬಂದ. ಅರ್ಧ ಗಂಟೆ ಅಂದರೆ ಮೂವತ್ತು ನಿಮಿಷ, ಗಂಟೆಯ ಮೂರನೇ ಒಂದು ಅಂದರೆ ಇಪ್ಪತ್ತು. ಒಟ್ಟು ಐವತ್ತು ನಿಮಿಷ. ಗಂಟೆಯಲ್ಲಿ ಅದು ಆರನೇ ಐದು. ಛೇದ ಸಮ ಮಾಡುವುದು ಅಂತ ಐದನೇ ಕ್ಲಾಸಿನಿಂದ ಬಾಯಿಪಾಠ ಮಾಡಿದ್ದು ಯಾಕೆ ಅಂತ ನಮಗೆ ಅವತ್ತು ಹೊಳೆಯಿತು. ಅರ್ಧ ಗಂಟೆಯದ್ದೂ ಮೂರನೇ ಒಂದರದ್ದೂ ತುಂಡುಗಳು ಒಂದೇ ಗಾತ್ರದವಲ್ಲ, ಎರಡನ್ನೂ ನಿಮಿಷಕ್ಕೆ ಒಡೆದರೆ ಎಣಿಸಬಹುದು. ಕ್ರಿಕೆಟ್ಟಿನವನ ಲೆಕ್ಕದಲ್ಲಿ ಎರಡು ಮ್ಯಾಚು ಬೇರೆ, ಮೂರು ಮ್ಯಾಚು ಬೇರೆ. ನಮ್ಮದರಲ್ಲಿ ಗಂಟೆ ಒಂದೇ.

ಆ ವಾರದಿಂದ ಒಂದು ಬದಲಾವಣೆ ಕಂಡೆ. ತಪ್ಪು ಉತ್ತರ ಬರೆದವರು ಪುಸ್ತಕದ ಮೇಲೆ ಕೈ ಅಡ್ಡ ಇಡುವುದು ಕಡಿಮೆ ಆಯಿತು. ಲೆಕ್ಕ ಏಕ್ದಂ ಎಲ್ಲರಿಗೂ ಇಷ್ಟವಾಗಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಒಂದೊಂದು ಲೆಕ್ಕ ಬಿಡಿಸಿಕೊಂಡಾಗ ಮುಂದಿನದಕ್ಕೆ ಕೈ ಹಾಕುವ ಧೈರ್ಯ ಬರುತ್ತಿತ್ತು. ಮೊದಲು ಮಕ್ಕಳಲ್ಲಿ ಆಸಕ್ತಿ ಹುಟ್ಟಿಸಬೇಕು, ಆಮೇಲೆ ಅಂಕ ತಾನಾಗಿ ಬರುತ್ತದೆ ಅಂತ ಟ್ರೇನಿಂಗ್‌ಗಳಲ್ಲಿ ಹೇಳುತ್ತಾರೆ. ನನಗೆ ಅದರ ಮೇಲೆ ಪೂರ್ತಿ ನಂಬಿಕೆಯಿಲ್ಲ. ಷಿನ್ ಮಾ ಮತ್ತು ನಂದ್ ಕಿಶೋರ್ ಎಂಬಿಬ್ಬರು 1997ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಲೆಕ್ಕದ ಬಗೆಗಿನ ಮನೋಭಾವಕ್ಕೂ ಸಾಧನೆಗೂ ನಂಟು ಸಿಕ್ಕಿತು, ಆದರೆ ತೀರಾ ತೆಳುವಾದ ನಂಟು. ನಮ್ಮ ಕ್ಲಾಸಿನಲ್ಲಿ ನಾನು ಕಂಡದ್ದು ಹೆಚ್ಚಾಗಿ ತಿರುಗುಮುರುಗು: ಸ್ವಲ್ಪ ಅರ್ಥವಾಯಿತು, ಆಮೇಲೆ ಸ್ವಲ್ಪ ಇಷ್ಟವಾಯಿತು. ಬಣ್ಣದ ಚಾರ್ಟು, ಲೆಕ್ಕದ ಹಾಡು, ಗಣಿತ ಮೇಳ ಎಲ್ಲ ಚೆಂದವೇ. ಐದನೇ ಎರಡು ಯಾಕೆ ಆಗುವುದಿಲ್ಲ ಅನ್ನುವುದು ತಿಳಿಯದ ಹುಡುಗನಿಗೆ ಅವುಗಳಿಂದ ಒಂದು ದಿನದ ಖುಷಿ ಅಷ್ಟೇ.

ಇನ್ನು ಮಂಡಕ್ಕಿಯ ವಿಷಯ. ಹಾಗಂತ ನಾವು ಕರೆಯುತ್ತಿದ್ದದ್ದು ಭಟ್ಟಿಯಿಂದ ಬರುತ್ತಿದ್ದ ಹುಡುಗನನ್ನು. ಬೆಳಗಿನ ಜಾವ ಭಟ್ಟಿಯಲ್ಲಿ ಅಪ್ಪನ ಜೊತೆ ಕೆಲಸ, ಆಮೇಲೆ ಶಾಲೆ. ಬಟ್ಟೆಗೆಲ್ಲ ಹೊಗೆಯ ವಾಸನೆ. ಲೆಕ್ಕದ ಟೆಸ್ಟಿನಲ್ಲಿ ಅವನಿಗೆ ಒಂದಂಕಿಯೇ ಗಟ್ಟಿ. ಒಮ್ಮೆ 1.75 ಗುಣಿಸು 12 ಅನ್ನುವ ಲೆಕ್ಕಕ್ಕೆ 210.0 ಅಂತ ಬರೆದಿದ್ದ. ಮೇಷ್ಟ್ರು ಅವನ ಪಕ್ಕ ಹೋಗಿ ಕೂತರು.

"ಮಂಡಕ್ಕಿ ಸೇರಿಗೆ ಒಂದೂಮುಕ್ಕಾಲು ರೂಪಾಯಿ. ಹನ್ನೆರಡು ಸೇರಿಗೆ ಎಷ್ಟು ತಗಂತೀಯ?"

"ಇಪ್ಪತ್ತೊಂದು ಸಾರ್." ಕಣ್ಣು ಮಿಟುಕಿಸುವುದರೊಳಗೆ ಹೇಳಿದ.

"ಹೆಂಗೆ?"

"ನಾಕು ಸೇರಿಗೆ ಏಳು ರೂಪಾಯಿ. ಅಂಥವು ಮೂರು."

"ಮತ್ತೆ ಇಲ್ಲಿ ಇನ್ನೂರ ಹತ್ತು ಬರ್ದೀಯಲ್ಲೋ. ಯಾರು ಕೊಡ್ತಾರೆ ಅಷ್ಟು?"

ಅವನಿಗೇ ನಗು ಬಂತು. ಆ ಎರಡೂ ಒಂದೇ ಲೆಕ್ಕ ಅಂತ ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಎಷ್ಟೋ ವರ್ಷದ ಮೇಲೆ ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ನಡೆದ ಒಂದು ಅಧ್ಯಯನ ಓದುವಾಗ ಇವನೇ ಕಣ್ಣ ಮುಂದೆ ಬಂದ. 1985ರಲ್ಲಿ ಪ್ರಕಟವಾದದ್ದು. ಬೀದಿಯಲ್ಲಿ ತೆಂಗಿನಕಾಯಿ, ಹಣ್ಣು ಮಾರುವ ಐವರು ಮಕ್ಕಳ ಹತ್ತಿರ ಸಂಶೋಧಕರು ಗಿರಾಕಿಗಳ ಹಾಗೆ ಹೋಗಿ ಲೆಕ್ಕ ಕೇಳಿದರು. ನೂರಕ್ಕೆ 98ರಷ್ಟು ಉತ್ತರ ಸರಿ. ಆಮೇಲೆ ಅಂಥವೇ ಲೆಕ್ಕಗಳನ್ನು ಬರೀ ಅಂಕಿಗಳಲ್ಲಿ, ಪೆನ್ಸಿಲು ಕಾಗದ ಕೊಟ್ಟು ಕೇಳಿದಾಗ ಸರಿ ಬಂದದ್ದು 37ರಷ್ಟು ಮಾತ್ರ. ಒಂದಕ್ಕೆ 35ರಂತೆ ಹತ್ತು ಕಾಯಿಗೆ ಎಷ್ಟು ಅಂದರೆ ಒಬ್ಬ ಹುಡುಗ ಮೂರಕ್ಕೆ 105, ಇನ್ನು ಮೂರಕ್ಕೆ 210 ಅಂತ ಏರಿಸುತ್ತಾ 350ಕ್ಕೆ ಬಂದನಂತೆ. ಪಕ್ಕದಲ್ಲಿ ಸೊನ್ನೆ ಬರೆಯುವ ಶಾಲೆಯ ಉಪಾಯ ಅವನಿಗೆ ಬೇಕೇ ಆಗಲಿಲ್ಲ. ನಮ್ಮ ದೇಶದಲ್ಲೂ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಜೊತೆಯವರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ನೋಡಿ 2025ರಲ್ಲಿ ಬರೆದರು. ಆ ಮಕ್ಕಳು ಅಂಗಡಿಯ ಲೆಕ್ಕದಲ್ಲಿ ಚುರುಕು, ಪಠ್ಯದ ಲೆಕ್ಕದಲ್ಲಿ ಹಿಂದೆ. ಶಾಲೆಗೆ ಮಾತ್ರ ಹೋಗುವ ಮಕ್ಕಳಿಗೆ ಅಂಗಡಿಯ ಲೆಕ್ಕ ಕೊಟ್ಟರೆ ಅವರೂ ತಡಬಡಾಯಿಸಿದರು. ನಮ್ಮ ಮಂಡಕ್ಕಿಗೆ ಭಟ್ಟಿಯಿಂದ ಪುಸ್ತಕಕ್ಕೆ ದಾರಿ ತೋರಿಸಲು ಒಬ್ಬರು ಪಕ್ಕ ಬಂದು ಕೂತರು. ಎಲ್ಲ ಕ್ಲಾಸಿನಲ್ಲೂ ಹಾಗೆ ಕೂರುವವರು ಸಿಗುವುದಿಲ್ಲ.

ಮನೆಯ ಮಾತು ಮಾಡುವ ಕೆಲಸವನ್ನೂ ಹೇಳಬೇಕು. ನಮ್ಮಮ್ಮ ಯಾವಾಗಲೂ, "ನಂಗೂ ಲೆಕ್ಕ ಬರ್ತಿರ್ಲಿಲ್ಲ ಬಿಡವ್ವಾ, ನಮ್ಮ ಮನೆತನಕ್ಕೇ ಇಲ್ಲ" ಅನ್ನುತ್ತಿದ್ದಳು. ನನಗೆ ಸಮಾಧಾನ ಮಾಡಲು ಹೇಳುತ್ತಿದ್ದದ್ದು, ಪಾಪ. ಆದರೆ ಅಮ್ಮ ಓಣಿಯ ಹೆಂಗಸರ ಚೀಟಿ ನಡೆಸುತ್ತಿದ್ದಳು! ಯಾರು ಎಷ್ಟಕ್ಕೆ ಕೂಗಿದರು, ಉಳಿದದ್ದನ್ನು ಎಲ್ಲರಿಗೂ ಹಂಚಿದರೆ ತಲೆಗೆಷ್ಟು, ಹೋದ ತಿಂಗಳು ಯಾರದ್ದು ಬಾಕಿ, ಎಲ್ಲ ಬಾಯಲ್ಲೇ. ಅದು ಲೆಕ್ಕ ಅಂತ ಅವಳು ಒಪ್ಪುತ್ತಿರಲಿಲ್ಲ, ಲೆಕ್ಕ ಅಂದರೆ ಶಾಲೆಯದ್ದು. ಲೆಕ್ಕಕ್ಕೆ ಅಂಜುವ ತಂದೆತಾಯಿ ಮನೆಪಾಠ ಮಾಡಿಸಲು ಪದೇಪದೇ ಕೂತರೆ ಮಕ್ಕಳ ಕಲಿಕೆ ಹೆಚ್ಚುವ ಬದಲು ಕುಗ್ಗುತ್ತದೆ ಅನ್ನುವ ಅಧ್ಯಯನವೊಂದು 2015ರಲ್ಲಿ ಅಮೆರಿಕದಿಂದ ಬಂತು. ಹುಡುಗಿಯರಿಗಂತೂ ಮನೆಯ ಮಾತಿನ ಜೊತೆ ಶಾಲೆಯದ್ದೂ ಸೇರುತ್ತದೆ. ಆಗ ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಮನಃಶಾಸ್ತ್ರಜ್ಞೆ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದ್ದು ಇದು: ಒಂದು, ಎರಡನೇ ಕ್ಲಾಸಿನ ಟೀಚರಮ್ಮನಿಗೇ ಲೆಕ್ಕದ ಅಂಜಿಕೆ ಇದ್ದರೆ ವರ್ಷದ ಕೊನೆಗೆ ಆ ಕ್ಲಾಸಿನ ಎಷ್ಟೋ ಹುಡುಗಿಯರು "ಲೆಕ್ಕ ಹುಡುಗರದ್ದು" ಅಂತ ನಂಬಿದ್ದರು, ಹಾಗೆ ನಂಬಿದವರ ಅಂಕವೂ ಕಡಿಮೆ ಬಂತು. ಹುಡುಗರ ಮೇಲೆ ಅಂಥ ಪರಿಣಾಮ ಕಾಣಲಿಲ್ಲ. ಇದನ್ನು ಓದಿದ ಮೇಲೆ ಕ್ಲಾಸಿನಲ್ಲಿ "ಅಯ್ಯೋ, ಈ ಪಾಠ ಸ್ವಲ್ಪ ಕಷ್ಟ" ಅನ್ನುವ ಮಾತು ನನ್ನ ಬಾಯಿಂದ ಹೊರಡುವ ಮೊದಲು ನುಂಗಿಕೊಳ್ಳುತ್ತೇನೆ.

ಟ್ಯೂಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅನುಕೂಲ ಇದ್ದವರು ಹೋದರು, ಅಲ್ಲೂ ಅದೇ ಗೈಡು. ಪಿಯುಸಿ ಸೈನ್ಸಿಗೆ ಹೋದ ನಮ್ಮಲ್ಲಿ ಹಲವರು ಇಂಗ್ಲಿಷಿನಲ್ಲಿ ಪಾಠ ಶುರುವಾದ ಮೊದಲ ತಿಂಗಳಲ್ಲೇ ಸುಸ್ತಾದರು, ಗೊತ್ತಿದ್ದ ಲೆಕ್ಕವೂ ಗೊತ್ತಿಲ್ಲದಂತೆ ಕಂಡಿತು. ಅದೇ ಒಂದು ದೊಡ್ಡ ಕಥೆ, ಬೇರೆ ಯಾರಾದರೂ ಬರೆಯಲಿ.

ಮೇಷ್ಟ್ರ ವಿಧಾನದಲ್ಲಿ ಒಂದು ತೊಂದರೆಯೂ ಇತ್ತು, ಅದನ್ನು ಮುಚ್ಚಿಟ್ಟು ಹೊಗಳಿದರೆ ಅವರೇ ಒಪ್ಪುವುದಿಲ್ಲ. ಪೋರ್ಷನ್ ಮುಗಿಯುತ್ತಿರಲಿಲ್ಲ. ಭಿನ್ನರಾಶಿ, ದಶಮಾಂಶದ ಹಿಂದೆ ಜುಲೈ ಕಳೆಯುತ್ತಿತ್ತು. ಫೆಬ್ರವರಿಯಲ್ಲಿ ರೇಖಾಗಣಿತದ ಪ್ರಮೇಯಗಳು ರೈಲಿನ ಬೋಗಿಗಳಂತೆ ಓಡುತ್ತಿದ್ದವು. ಮುಂದಿನ ಸಾಲಿನವರು ಬೇಜಾರು ಮಾಡಿಕೊಳ್ಳುತ್ತಿದ್ದರು, ಅವರ ಮನೆಯವರು ಹೆಡ್‌ಮಾಸ್ಟರ ಹತ್ತಿರ ದೂರು ತಂದದ್ದೂ ಉಂಟು. "ಅಡಿಪಾಯ ಇಲ್ಲದೋನಿಗೆ ಪ್ರಮೇಯ ಹೇಳಿ ಏನ್ ಮಾಡ್ಲಿ?" ಅನ್ನುತ್ತಿದ್ದರು ಮೇಷ್ಟ್ರು. ಮುಂದಿನ ಸಾಲಿನವರ ದೂರಿನಲ್ಲೂ ನ್ಯಾಯ ಇತ್ತು ಅಂತ ಈಗ ನನಗೆ ಅನಿಸುತ್ತದೆ. ಐವತ್ತು ಮಕ್ಕಳು, ನಲವತ್ತು ನಿಮಿಷ, ಯಾರ ಪಕ್ಕ ಅಂತ ಕೂರುವುದು? ಮಂಡಕ್ಕಿ ಎಸ್‌ಎಸ್‌ಎಲ್‌ಸಿಯಲ್ಲಿ ಲೆಕ್ಕ ಪಾಸಾದ, ಜಸ್ಟ್ ಪಾಸು. ಪ್ರಮೇಯಗಳನ್ನು ಪೂರ್ತಿ ಬಿಟ್ಟಿದ್ದನಂತೆ.

ಈಗ ಎಸ್‌ಎಸ್‌ಎಲ್‌ಸಿಯಲ್ಲಿ ಲೆಕ್ಕಕ್ಕೆ ಬರೆಯುವ ಪರೀಕ್ಷೆ 80 ಅಂಕ, ಶಾಲೆಯ ಒಳಗಿನದ್ದು 20. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಯ ಅವಕಾಶವೂ ಬಂತು. ಒಂದೇ ದಿನಕ್ಕೆ ಎಲ್ಲವನ್ನೂ ಪಣಕ್ಕಿಡುವ ಭಯ ಇದರಿಂದ ಕಡಿಮೆಯಾಗಿದೆ, ನಾನು ಅದರ ಪರ. ಆದರೆ ಎಂಟನೇ ಕ್ಲಾಸಿನ ಜೂನ್ ತಿಂಗಳಲ್ಲಿ ಐದನೇ ಎರಡು ಅಂತ ಬರೆಯುವವರು ಈಗಲೂ ಇದ್ದಾರೆ, ಹತ್ತನೇ ಕ್ಲಾಸಿನ ಹೆಚ್ಚಿನ ಪರೀಕ್ಷೆಗಳು ಅವರಿಗೆ ಏನೂ ಮಾಡುವುದಿಲ್ಲ. ಈ ವರ್ಷವೂ ನಾನು ಆ ಲೆಕ್ಕ ಹಲಗೆಯ ಮೇಲೆ ಬರೆದೆ, ಎರಡು ವಾರ ಅದರಲ್ಲೇ ಹೋಯಿತು. ಪಾಠ ಯೋಜನೆಯ ಪುಸ್ತಕ ನೋಡಿ ನಮ್ಮ ಹೆಡ್‌ಮೇಡಂ ಕರೆಸಿ ಕೇಳಿದರು. ಗಡಿಯಾರ, ಮ್ಯಾಚು, ಭಟ್ಟಿ ಎಲ್ಲ ಹೇಳಿದೆ. ಅವರಿನ್ನೂ ಒಪ್ಪಿಲ್ಲ, ದಸರಾ ರಜೆಯಲ್ಲಿ ಸ್ಪೆಷಲ್ ಕ್ಲಾಸ್ ತೆಗೆದುಕೊಂಡು ಪೋರ್ಷನ್ ಸರಿದೂಗಿಸಬೇಕಂತೆ.