ಮದೆನಾಡಲ್ಲಿ ಬರೆ ಕುಸಿದಿತ್ತು, ಹಿಟಾಚಿ ಬರೋ ತನಕ ಕೂತಿದ್ವಿ

ಆಗಸ್ಟ್‌ನಲ್ಲಿ ಕೊಡಗಿಗೆ ಹೋಗ್ಬೇಡ ಅಂತ ಮನೇಲಿ ಎಲ್ರೂ ಹೇಳಿದ್ರು, ಆದ್ರೂ ಹೋದೆ, ಅಕ್ಕನ ಮಗನಿಗೆ ಮಾತು ಕೊಟ್ಟಿದ್ದೆ. ಅವನಿಗೆ ಎಂಟು ವರ್ಷ, ಮಡಿಕೇರಿಲೇ ಬೆಳೀತಿರೋನು, ಮೈಸೂರಿಗೆ ಅಜ್ಜಿ ಮನೆಗೆ ಬಂದ್ರೂ ಬಸ್ಸಲ್ಲಿ ಬಂದು ಬಸ್ಸಲ್ಲೇ ವಾಪಸ್ ಹೋಗ್ತಾನೆ, ಇವತ್ತಿನ ತನಕ ರೈಲು ಹತ್ತಿಲ್ಲ. ಕೊಡಗಲ್ಲಿ ಒಂದು ರೈಲ್ವೆ ಸ್ಟೇಷನ್ ಕೂಡ ಇಲ್ವಲ್ಲ. ರಾಜಾಸೀಟ್ ಹತ್ರ ಒಂದು ಕಾಲದಲ್ಲಿ ಪುಟಾಣಿ ರೈಲು ಓಡ್ತಿತ್ತು, ಅಷ್ಟೇ. ಮೈಸೂರಿಂದ ಕುಶಾಲನಗರಕ್ಕೆ ಲೈನ್ ಬರುತ್ತೆ ಅನ್ನೋ ಮಾತು ಎಷ್ಟೋ ವರ್ಷದಿಂದ ಇದೆ, ಬೇಡವೇ ಬೇಡ, ಕಾಡು ಹೋಗುತ್ತೆ, ಆನೆಗಳ ದಾರಿ ಕಟ್ ಆಗುತ್ತೆ ಅನ್ನೋರೂ ಇದಾರೆ, ಆನೆಕಾಡು ದಾಟಿ ಸುಂಟಿಕೊಪ್ಪದ ಕಡೆ ಬರೋವಾಗೆಲ್ಲ ನನಗೆ ಅವರ ಮಾತೂ ಸರಿ ಅನ್ಸುತ್ತೆ.

ಹಂಗಾಗಿ ಈ ಸಲ ಪ್ಲಾನ್ ಏನಂದ್ರೆ, ಬೆಳಿಗ್ಗೆ ಮಡಿಕೇರಿ ಬಿಟ್ಟು ಸಂಪಾಜೆ, ಸುಳ್ಯ ಮೇಲೆ ಮಂಗಳೂರಿಗೆ ಹೋಗೋದು, ಸ್ಟೇಷನ್‌ನಲ್ಲಿ ಹುಡುಗನಿಗೆ ರೈಲು ತೋರಿಸೋದು, ಸೀಟ್ ಸಿಕ್ಕಿದ್ರೆ ಒಂದೆರಡು ಸ್ಟೇಷನ್ ಕೂರಿಸ್ಕೊಂಡು ಹೋಗಿ ಬರೋದು. ಅಕ್ಕ ಅಕ್ಕಿ ರೊಟ್ಟಿ ಕಟ್ಟಿಕೊಟ್ಲು, ಫ್ಲಾಸ್ಕಲ್ಲಿ ಬೆಲ್ಲದ ಕಾಫಿ. ಮಳೆ ಅಂದ್ರೆ ಮಳೆ, ವೈಪರ್ ಫುಲ್ ಸ್ಪೀಡಲ್ಲಿಟ್ರೂ ಮುಂದಿನ ಗಾಡಿಯ ಕೆಂಪು ಲೈಟ್ ಮಾತ್ರ ಕಾಣ್ತಿತ್ತು.

ಮದೆನಾಡು ದಾಟ್ತಿದ್ದಂಗೆ ಎಲ್ಲಾ ಗಾಡಿ ನಿಂತಿವೆ. ಬರೆ ಕುಸಿದಿದೆ. (ರಸ್ತೆ ಪಕ್ಕದ ಕಡಿದಾದ ಮಣ್ಣಿನ ಗೋಡೆಗೆ ಇಲ್ಲಿ ಬರೆ ಅಂತಾರೆ.) ಒಂದು ಮರ ಬೇರು ಸಮೇತ ಬಂದು ಅರ್ಧ ರಸ್ತೆಗೆ ಅಡ್ಡ ಬಿದ್ದಿತ್ತು, ಅದರ ಸುತ್ತ ಕೆಂಪು ಮಣ್ಣು ಗಂಜಿ ಥರ ಹರೀತಾ ಇತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದು ನೋಡಿದ ಜನ ಇವರು, ಆಗ ಕುಸಿದ ಜೋಡುಪಾಲ ಮುಂದೇನೇ, ಮಣ್ಣು ಜಾರಿದ್ರೆ ಇಲ್ಲಿ ಯಾರೂ ಸುಮ್ನೆ ನಿಂತು ಫೋಟೋ ತೆಗೆಯಲ್ಲ, ಮೇಲೆ ಗುಡ್ಡ ನೋಡ್ತಾರೆ. ಕೊಡೆ ಹಿಡ್ಕೊಂಡಿದ್ದ ಒಬ್ರು ಹಿರಿಯರು ಬಂದು, ಗಾಡಿ ಸ್ವಲ್ಪ ಹಿಂದಕ್ಕೆ ತಗೊಳ್ಳಿ, ಹಿಟಾಚಿ ಬರ್ತಾ ಉಂಟು ಅಂದ್ರು.

ಅಷ್ಟಕ್ಕೆ ನನ್ನ ಬಾಯಿ ತೆರೀತು. ರೈಲು ಅಂದ್ರೆ ನನಗೆ ಚಿಕ್ಕಂದಿನಿಂದ ಹುಚ್ಚು. "ಗೊತ್ತೇನೋ, ಹಿಟಾಚಿ ಅವ್ರು ರೈಲೂ ಮಾಡ್ತಾರೆ" ಅಂದೆ. ಹುಡುಗ ನಂಬಲೇ ಇಲ್ಲ. "ಸುಳ್ಳು ಹೇಳ್ಬೇಡ ಮಾವ, ಹಿಟಾಚಿ ಅಂದ್ರೆ ಮಣ್ಣು ತೆಗಿಯೋದು." ಅವನ ತಪ್ಪಲ್ಲ, ನಮ್ಮ ಕಡೆ ಯಾವ ಕಂಪನಿ ಮಷೀನ್ ಬಂದ್ರೂ ಹಿಟಾಚಿನೇ, ಅದು ಈಗ ಕಂಪನಿ ಹೆಸರಲ್ಲ, ಗುದ್ದಲಿ ಪಿಕಾಸಿ ಥರ ಒಂದು ಪದ.

ಟೈಮ್ ಇತ್ತು, ಹೇಳಿದೆ. ಜಪಾನಲ್ಲಿ ಇಬಾರಾಕಿ ಅಂತ ಒಂದು ಕಡೆ ತಾಮ್ರದ ಗಣಿ ಇತ್ತು, ಆ ಊರಿನ ಹೆಸರೇ ಹಿಟಾಚಿ. ಗಣಿ ಮಷೀನುಗಳೆಲ್ಲ ಹೊರದೇಶದ್ದು, ಕೆಟ್ರೆ ರಿಪೇರಿ ಮಾಡೋಕೆ ಒಂದು ಶೆಡ್ಡು, ಅದರ ಉಸ್ತುವಾರಿ ಒಡಾಯಿರಾ ನಮಿಹೇಯಿ ಅನ್ನೋ ಇಂಜಿನಿಯರ್‌ದು. ಬರೀ ಬಿಚ್ಚಿ ಜೋಡಿಸ್ತಾ ಎಷ್ಟು ದಿನ ಕೂರೋದು, ನಾವೇ ಮಾಡೋಣ ಅಂತ 1910ರಲ್ಲಿ 5 ಹಾರ್ಸ್‌ಪವರ್‌ದು ಮೂರು ಮೋಟಾರ್ ಮಾಡಿದ್ರು, ಕಂಪನಿ ಶುರುವಾಗಿದ್ದು ಅಲ್ಲಿಂದ. ಬೋರ್‌ವೆಲ್‌ಗೆ ಇಳಿಸ್ತೀವಲ್ಲ, ಅಷ್ಟೇ ಪವರ್ರು. 1920ರ ಹೊತ್ತಿಗೆ ಸ್ವಂತ ಕಂಪನಿಯಾಯ್ತು, ಕಸಾಡೋ ಅನ್ನೋ ಕಡೆ ಇದ್ದ ಹಡಗು ಕಟ್ಟೆ ತಗೊಂಡು ಅಲ್ಲಿ ರೈಲು ಇಂಜಿನ್ ಮಾಡೋಕೆ ಕೂತ್ರು, 1924ರಲ್ಲಿ ದೊಡ್ಡ ಕರೆಂಟ್ ಇಂಜಿನ್ನೇ ಮಾಡಿಬಿಟ್ರು. ಹದಿನಾಲ್ಕೇ ವರ್ಷ! ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟ ಈ ಹದಿನಾಲ್ಕು ವರ್ಷ, ಬುಲೆಟ್ ಟ್ರೈನ್‌ಗಿಂತ.

ಹುಡುಗನಿಗೆ ಬುಲೆಟ್ ಟ್ರೈನೇ ಬೇಕು. ಸರಿ, 1964 ಅಕ್ಟೋಬರ್ 1, ಟೋಕಿಯೋದಿಂದ ಒಸಾಕಾ, ಗಂಟೆಗೆ 210 ಕಿಲೋಮೀಟರ್, ಆ ಮೂತಿ ದುಂಡಗಿರೋ ರೈಲನ್ನ ಮಾಡಿದ ಕಂಪನಿಗಳಲ್ಲಿ ಹಿಟಾಚಿನೂ ಒಂದು. ಅದೇ ವರ್ಷ ಟೋಕಿಯೋ ಏರ್‌ಪೋರ್ಟ್ ಮಾನೊರೈಲೂ ಇವರದ್ದೇ, ಒಂದೇ ಕಾಂಕ್ರೀಟ್ ತೊಲೆ ಮೇಲೆ ಕುದುರೆ ಹತ್ತಿ ಕೂತಂಗೆ ಕೂತು ಹೋಗುತ್ತೆ, ರಬ್ಬರ್ ಟೈರು. "ಬೀಳಲ್ವಾ?" ಅಂದ. ತೊಲೆಯ ಎರಡೂ ಪಕ್ಕಕ್ಕೆ ಒತ್ತಿಕೊಂಡಿರೋ ಚಕ್ರಗಳು ಬೇರೆ ಇರ್ತಾವೆ ಅಂತ ಸ್ಟೀಲ್ ಡಬ್ಬಿ ಮೇಲೆ ಬೆರಳಿಟ್ಟು ತೋರಿಸಿದೆ.

ಬೋಗಿ ಬೆಸೆಯೋದು ಹೇಳಿದಾಗ ಪಕ್ಕದ ಕಾರಿನವರೂ ಕಿಟಕಿ ಇಳಿಸಿದ್ರು. ಅಲ್ಯೂಮಿನಿಯಂ ಹಲಗೆಗಳನ್ನ ಇವರು ವೆಲ್ಡಿಂಗ್ ಅಂಗಡೀಲಿ ಮಾಡ್ದಂಗೆ ಕರಗಿಸಿ ಅಂಟಿಸಲ್ಲ, ಗೂಟದಂಥ ಒಂದು ಟೂಲ್ ಗಿರ್ರಂತ ತಿರುಗ್ತಾ ಎರಡು ಹಲಗೆ ಸೇರೋ ಜಾಗದಲ್ಲಿ ಉಜ್ಜಿಕೊಂಡು ಹೋಗುತ್ತೆ, ಆ ಬಿಸಿಗೆ ಲೋಹ ರೊಟ್ಟಿ ಹಿಟ್ಟಿನ ಥರ ಮೆತ್ತಗಾಗಿ ಒಂದರೊಳಗೊಂದು ಕಲಸಿಕೊಳ್ಳುತ್ತೆ. ಕರಗದೇ ಇರೋದ್ರಿಂದ ಹಲಗೆ ಅಷ್ಟಾಗಿ ಸೊಟ್ಟಗಾಗಲ್ಲ, ಬೋಗಿ ಹಗುರ, ಮೈ ನುಣುಪು. ಇಂಥ ಬೋಗಿಯ ರೈಲುಗಳು ಇಂಗ್ಲೆಂಡಿಗೂ ಹೋದ್ವು, 2015ರಲ್ಲಿ ಅಲ್ಲಿ ನ್ಯೂಟನ್ ಐಕ್ಲಿಫ್‌ನಲ್ಲಿ ಫ್ಯಾಕ್ಟರಿ ಹಾಕಿದ್ರು, 1825ರಲ್ಲಿ ರೈಲು ಇಂಜಿನ್‌ಗೆ ಹೆಸರಾದ ಸ್ಟೀಫನ್‌ಸನ್ ಅವರ ಲೋಕೊಮೋಷನ್ ಅನ್ನೋ ಇಂಜಿನ್ನನ್ನ ಮೊದಲು ಹಳಿ ಮೇಲೆ ಇಟ್ಟಿದ್ದು ಅದರ ಪಕ್ಕದಲ್ಲೇ. ಅದೇ 2015ರಲ್ಲಿ ಇಟಲಿಯ ಅನ್ಸಾಲ್ಡೊ ಕಂಪನಿಗಳ ರೈಲು, ಸಿಗ್ನಲ್ ಕೆಲಸವನ್ನೂ ತಗೊಂಡ್ರು, 2024ರಲ್ಲಿ ಫ್ರಾನ್ಸಿನ ಥಾಲೆಸ್ ಕಂಪನಿಯ ರೈಲು ಸಿಗ್ನಲ್ ವಿಭಾಗ ಬೇರೆ.

ಅಷ್ಟರಲ್ಲಿ ಟ್ರೈಲರ್ ಮೇಲೆ ಕೂತು ಅದು ಬಂತು. ಇಳಿಸೋಕೇ ಹದಿನೈದು ನಿಮಿಷ. ಆಪರೇಟರ್ ಸಣ್ಣ ಹುಡುಗ, ಉತ್ತರ ಕರ್ನಾಟಕದೋನು, ಮೊದಲು ಮರಾನ ಬಕೆಟ್‌ನಲ್ಲಿ ಮೆಲ್ಲಗೆ ಅದುಮಿ ನೋಡ್ದ, ಮೇಲಿಂದ ಇನ್ನೂ ಮಣ್ಣು ಬರುತ್ತಾ ಅಂತ ಕಾದ, ಆಮೇಲೆ ಸ್ವಲ್ಪ ಸ್ವಲ್ಪನೇ ಎಳೆದ. ಅಷ್ಟು ದೊಡ್ಡ ಕೈಯನ್ನ ಇಷ್ಟು ನಾಜೂಕಾಗಿ ಆಡಿಸೋದು ನೋಡ್ತಾ ನಾವು ರೊಟ್ಟಿ ತಿನ್ನೋದೇ ಮರ್ತಿದ್ವಿ. ಒಂದು ಕಡೆ ರಸ್ತೆ ಬಿಡುವಾದ ಮೇಲೆ ಇಳಿದು ನಮ್ಮ ಹತ್ರ ಕಾಫಿ ಕುಡಿದ. ನಮ್ಮ ಹುಡುಗ ಕೇಳೇ ಬಿಟ್ಟ, ಅಣ್ಣಾ ಇದು ಜಪಾನಿಂದ ಬಂತಾ ಅಂತ. "ಇಲ್ಲಪ್ಪಾ, ಇದು ನಮ್ಮ ಧಾರವಾಡದಾಗ ಮಾಡಿದ್ದು" ಅಂದ ಅವನು, ಎಷ್ಟು ಹೆಮ್ಮೆ ಅವನ ಮುಖದಲ್ಲಿ. ನಿಜಾನೇ, ಟಾಟಾ ಹಿಟಾಚಿ ಫ್ಯಾಕ್ಟರಿ ಧಾರವಾಡದಲ್ಲಿದೆ. ನಮ್ಮ ಬೆಮೆಲ್ ಕೂಡ ಹಿಂಗೇ ಅಲ್ವಾ, 1964ರಲ್ಲಿ ಶುರುವಾದದ್ದು, ಆಗಿನ ಹೆಸರು ಭಾರತ್ ಅರ್ಥ್ ಮೂವರ್ಸ್, ಕೆಜಿಎಫ್‌ನಲ್ಲಿ ಬುಲ್ಡೋಜರ್, ಬೆಂಗಳೂರಲ್ಲಿ ರೈಲು ಬೋಗಿ, ನಮ್ಮ ಮೆಟ್ರೋ 2011ರಲ್ಲಿ ಶುರುವಾದಾಗ ಓಡಿದ್ದು ಅವರ ಬೋಗಿಗಳೇ. ಮಣ್ಣು ಅಗೆಯೋ ಮಷೀನೂ ರೈಲೂ ಒಂದೇ ಬೇರಿನಿಂದ ಬಂದದ್ದು, ಜಪಾನಲ್ಲೂ ಇಲ್ಲೂ.

ಸಂಪಾಜೆ ಇಳಿದ್ಮೇಲೆ ಮಳೆ ಕಮ್ಮಿ. ಮಂಗಳೂರು ಮುಟ್ಟಿದಾಗ ಮೂರು ಗಂಟೆ, ನಾನು ಅಂದ್ಕೊಂಡಿದ್ದ ರೈಲು ಹೋಗಿತ್ತು. ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಒಳಗೆ ಹೋದ್ವಿ. ತುದೀಲಿ ಒಂದು ಹಳೇ ಇಂಜಿನ್ ನಿಂತಿತ್ತು, ಡಬ್ಲ್ಯೂಎಪಿ-4 ಅಂತ ಬರೆದಿತ್ತು, ನೋಡಿ ನನಗೇ ಮೈ ಜುಂ ಅಂತು. ಚಿತ್ತರಂಜನ್‌ನಲ್ಲಿ ಮಾಡಿದ್ದು ಅದು, ಆದ್ರೆ ಕೆಳಗೆ ಆರು ಮೋಟಾರ್, ಆರೂ ಹಿಟಾಚಿ ಡಿಸೈನಿಂದು, ಎಲ್ಲಾ ಸೇರಿ 5000 ಹಾರ್ಸ್‌ಪವರ್. "ಆ ಗಣಿ ಶೆಡ್ಡಲ್ಲಿ 5 ಅಂದ್ಯಲ್ಲ ಮಾವ?" ಹೌದು ಕಣೋ, 5. ಅವನು ಪ್ಲಾಟ್‌ಫಾರ್ಮ್ ಅಂಚಿಂದ ಒಂದು ಹೆಜ್ಜೆ ಹಿಂದೆ ಮಂಡಿಯೂರಿ ಬಗ್ಗಿದ, ಶೂ ತುಂಬಾ ಮದೆನಾಡಿನ ಕೆಂಪು ಮಣ್ಣು ಇನ್ನೂ ಹಸೀನೇ ಇತ್ತು.

"ಕಾಣಲ್ಲ ಮಾವ, ಚಕ್ರದ ಹಿಂದೆ ಪೂರ್ತಿ ಕತ್ತಲೆ. ಮೊಬೈಲ್ ಟಾರ್ಚ್ ಹಾಕು."