ಪೆಟ್ರಾ ಕೆಲ್ಲಿ ಸಂಸದೀಯ ಕಾಲರೇಖೆ: ಕೆಲಸ ಎಲ್ಲಿಗೆ ಬಂತು

ಪೆಟ್ರಾ ಕೆಲ್ಲಿ ಪಶ್ಚಿಮ ಜರ್ಮನಿಯ ಸಂಸತ್ತಾದ ಬುಂಡೆಸ್ಟಾಗ್‌ನಲ್ಲಿ ಇದ್ದದ್ದು 1983ರ ಮಾರ್ಚ್‌ನಿಂದ 1990ರ ಡಿಸೆಂಬರ್‌ವರೆಗೆ. ಸದನದ ಲೆಕ್ಕದಲ್ಲಿ ಅದು 10 ಮತ್ತು 11ನೇ ಅವಧಿ. ಈ ಅವಧಿಗಳಲ್ಲಿ ಅವರು ಆಡಿದ ಮಾತು, ಕೇಳಿದ ಪ್ರಶ್ನೆ, ಸಹಿ ಹಾಕಿದ ನಿರ್ಣಯ ಎಲ್ಲವನ್ನೂ ಪುಟಸಂಖ್ಯೆ ಸಮೇತ ಒಂದು ಕನ್ನಡ ಕಾಲರೇಖೆಯಾಗಿ ಜೋಡಿಸುವುದು ಈ ಯೋಜನೆ. 10ನೇ ಅವಧಿಯ ಭಾಷಣಗಳ ಮೊದಲ ಸುತ್ತು ಮುಗಿದಿದೆ, 11ನೇ ಅವಧಿ ನಡೆಯುತ್ತಿದೆ, ಲಿಖಿತ ಪ್ರಶ್ನೆಗಳ ಭಾಗ ಈಗಷ್ಟೇ ಶುರುವಾಗಿದೆ.

ಕೆಲ್ಲಿ ಎಂದೊಡನೆ ಜನರಿಗೆ ನೆನಪಾಗುವುದು ಬೀದಿಯ ಹೋರಾಟ. 1983ರ ಮೇ 12ರಂದು ಪೂರ್ವ ಬರ್ಲಿನ್‌ನ ಅಲೆಕ್ಸಾಂಡರ್ ಚೌಕದಲ್ಲಿ ಬ್ಯಾನರ್ ಬಿಚ್ಚಿದ್ದು, ಅದೇ ಅಕ್ಟೋಬರ್ 31ರಂದು ಖಡ್ಗಗಳನ್ನು ನೇಗಿಲಾಗಿಸುವ ಘೋಷಣೆಯ ಅಂಗಿ ತೊಟ್ಟು ಪೂರ್ವ ಜರ್ಮನಿಯ ನಾಯಕ ಎರಿಕ್ ಹೋನೆಕರ್ ಎದುರು ಕೂತದ್ದು. ಇವು ಪಟಗಳಾಗಿ ಉಳಿದವು. ಸದನದೊಳಗಿನ ಏಳೂಮುಕ್ಕಾಲು ವರ್ಷದ ಕೆಲಸ ಮಾತ್ರ ಯಾರ ಕಣ್ಣಿಗೂ ಬೀಳದೆ ಹೋಯಿತು. 1983ರಲ್ಲಿ 520 ಜನರ ಸದನದಲ್ಲಿ 28 ಸ್ಥಾನ ಪಡೆದ ಗ್ರೀನ್ಸ್ ಪಕ್ಷ ಅವರದು. ಅಂಥ ಸದಸ್ಯರ ಕೆಲಸವನ್ನು ಅಂಗೀಕಾರವಾದ ಕಾಯ್ದೆಗಳಿಂದ ಅಳೆಯಲು ಹೊರಟರೆ ಕೈಗೆ ಏನೂ ಸಿಗುವುದಿಲ್ಲ. ಪ್ರಶ್ನೆ ಕೇಳಿ, ಸರ್ಕಾರದಿಂದ ಉತ್ತರ ಹೊರಡಿಸಿ, ಅದನ್ನು ದಾಖಲೆಗೆ ತರಿಸುವುದೇ ಅವರ ದುಡಿಮೆ. ಅದನ್ನು ಹೆಕ್ಕಿ ಒಂದೆಡೆ ಇಡಲೇಬೇಕು ಎನ್ನುವುದು ನಮ್ಮ ಗಟ್ಟಿ ನಿಲುವು.

ಮೊದಲು ಕಾನೂನು

ಇಂಥ ಕೆಲಸಕ್ಕೆ ಇಳಿಯುವ ಎಲ್ಲರಿಗೂ ಮೊದಲು ಹೊಳೆಯುವುದು ಭಾಷಣಗಳ ಪೂರ್ಣ ಅನುವಾದದ ಸಂಕಲನ. ಅದನ್ನು ಮಾಡುವಂತಿಲ್ಲ. ಜರ್ಮನಿಯ ಕೃತಿಸ್ವಾಮ್ಯ ಕಾಯ್ದೆಯ 48ನೇ ಕಲಮು ಸಂಸತ್ತಿನ ಬಹಿರಂಗ ಕಲಾಪದಲ್ಲಿ ಆಡಿದ ಮಾತನ್ನು ಯಾರು ಬೇಕಾದರೂ ಮರುಮುದ್ರಿಸಬಹುದು ಎನ್ನುತ್ತದೆ. ಆದರೆ ಅದರ ಎರಡನೇ ಉಪಕಲಮು, ಪ್ರಧಾನವಾಗಿ ಒಬ್ಬರದೇ ಭಾಷಣಗಳಿರುವ ಸಂಕಲನಕ್ಕೆ ಈ ವಿನಾಯಿತಿ ಇಲ್ಲ ಎಂದು ತಡೆಯುತ್ತದೆ. ಕೆಲ್ಲಿ ತೀರಿಕೊಂಡದ್ದು 1992ರಲ್ಲಿ. ಮರಣಾನಂತರದ 70 ವರ್ಷದ ಲೆಕ್ಕ ಹಿಡಿದರೆ 2062ರ ಕೊನೆಯವರೆಗೂ ಹಕ್ಕು ಜೀವಂತ.

ಹಾಗಾಗಿ ಪ್ರತಿ ಭಾಷಣಕ್ಕೂ ನಮ್ಮದೇ ಮಾತಿನಲ್ಲಿ 40ರಿಂದ 60 ಪದಗಳ ಸಾರಾಂಶ, ಅದರ ಮುಂದೆ ಮೂಲದ ಅವಧಿ, ಸಭೆ ಮತ್ತು ಪುಟ. ಉಲ್ಲೇಖ ಬೇಕೇ ಬೇಕೆನಿಸಿದಲ್ಲಿ ಒಂದು ವಾಕ್ಯ. ಈ ಮಿತಿಯಿಂದ ಒಂದು ಲಾಭವೂ ಆಯಿತು. ಸಾರಾಂಶ ಬರೆಯುವವರು ಭಾಷಣ ಪೂರ್ತಿ ಓದಲೇಬೇಕು, ಯಂತ್ರಾನುವಾದ ತಂದು ಅಂಟಿಸಿದರೆ ಮೊದಲ ಪರಿಶೀಲನೆಯಲ್ಲೇ ಸಿಕ್ಕಿಬೀಳುತ್ತದೆ.

ಮೂಲ ಸಾಮಗ್ರಿ

ಬುಂಡೆಸ್ಟಾಗ್ ತನ್ನ ಹಳೆಯ ನಡಾವಳಿಗಳನ್ನು ಪಿಡಿಎಫ್ ಮತ್ತು ಎಕ್ಸ್‌ಎಂಎಲ್ (ಕಂಪ್ಯೂಟರ್ ಓದಲು ಟ್ಯಾಗ್ ಎಂಬ ಗುರುತು ಹಚ್ಚಿದ ಪಠ್ಯ) ಎರಡೂ ರೂಪದಲ್ಲಿ ಉಚಿತವಾಗಿ ಇಟ್ಟಿದೆ. ಎಕ್ಸ್‌ಎಂಎಲ್ ಎಂದ ಮಾತ್ರಕ್ಕೆ ಹಿಗ್ಗುವಂತಿಲ್ಲ. 19ನೇ ಅವಧಿಯಿಂದ ಈಚಿನ ಫೈಲುಗಳಲ್ಲಿ ಭಾಷಣಕಾರರು, ಪಕ್ಷ, ಅಡ್ಡಮಾತು ಎಲ್ಲಕ್ಕೂ ಬೇರೆ ಬೇರೆ ಟ್ಯಾಗ್ ಇದೆ. ಅದಕ್ಕೂ ಹಿಂದಿನವುಗಳಲ್ಲಿ ಇಡೀ ದಿನದ ನಡಾವಳಿ ಒಂದೇ ಟ್ಯಾಗ್‌ನೊಳಗೆ ಸುರಿದಿರುತ್ತದೆ, ಅದೂ ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶವಾದ ಓಸಿಆರ್‌ಗೆ ಕೊಟ್ಟ ಪಠ್ಯ. ಇದರ ಜೊತೆಗೆ ಬೇಕಾಗುವುದು ಸದಸ್ಯರ ಮೂಲಮಾಹಿತಿ ಫೈಲು. 1949ರಿಂದ ಈಚಿನ ಎಲ್ಲ ಸದಸ್ಯರಿಗೂ ಅದರಲ್ಲಿ ಎಂಟಂಕಿಯ ಗುರುತುಸಂಖ್ಯೆ, ಪ್ರತಿ ಅವಧಿಗೂ ಸೇರಿದ ಮತ್ತು ಬಿಟ್ಟ ದಿನಾಂಕ ಇವೆ. ಗ್ರೀನ್ಸ್ ಪಕ್ಷದ ಮಟ್ಟಿಗೆ ಈ ದಿನಾಂಕಗಳು ತುಂಬ ಮುಖ್ಯ. ಅವಧಿಯ ಮಧ್ಯದಲ್ಲಿ ಸ್ಥಾನ ಬಿಟ್ಟು ಮುಂದಿನವರಿಗೆ ಕೊಡಬೇಕೆಂಬ ಸರದಿ ನಿಯಮವನ್ನು ಪಕ್ಷ ಮಾಡಿಕೊಂಡಿತ್ತು, 1985ರಲ್ಲಿ ಬಹಳ ಸದಸ್ಯರು ಹಾಗೆ ಇಳಿದರು. ಕೆಲ್ಲಿ ಒಪ್ಪಲಿಲ್ಲ, ಪಕ್ಷದೊಳಗೆ ಕಟು ಟೀಕೆ ಎದುರಿಸಿಯೂ ಉಳಿದರು. ಜೊತೆಗೆ ಸಹಿ ಹಾಕಿದವರ ಹೆಸರುಗಳು 1985ರ ಹಿಂದೆ ಮುಂದೆ ಏಕೆ ಬಹುಪಾಲು ಬದಲಾಗುತ್ತವೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಭಾಷಣ ಹೆಕ್ಕುವುದು

ನಡಾವಳಿಯಲ್ಲಿ ಮಾತು ಶುರುವಾಗುವ ಗುರುತು ಹೀಗಿರುತ್ತದೆ: ಫ್ರೌ (ಅಂದರೆ ಶ್ರೀಮತಿ) ಕೆಲ್ಲಿ, ದುಂಡು ಆವರಣದೊಳಗೆ ಗ್ರೀನ್ಸ್‌ನ ಜರ್ಮನ್ ಹೆಸರು ಗ್ರೂನೆ, ಆಮೇಲೆ ಕೋಲನ್. ಅವರು ಕೂತಲ್ಲಿಂದಲೇ ಕೂಗಿದ ಅಡ್ಡಮಾತಾದರೆ ಇಡೀ ಮಾತು ದುಂಡು ಆವರಣದೊಳಗಿದ್ದು, ಪಕ್ಷದ ಹೆಸರು ಚೌಕ ಆವರಣಕ್ಕೆ ಹೋಗುತ್ತದೆ. ಇಷ್ಟೊಂದು ಸಣ್ಣ ವ್ಯತ್ಯಾಸದಿಂದಲೇ ಭಾಷಣ ಮತ್ತು ಅಡ್ಡಮಾತನ್ನು ನಮ್ಮ ಸ್ಕ್ರಿಪ್ಟ್ (ಹುಡುಕುವ ಕಿರು ಪ್ರೋಗ್ರಾಂ) ಬೇರ್ಪಡಿಸಬಲ್ಲದು. ಆದರೆ ಓಸಿಆರ್‌ನಲ್ಲಿ ಚೌಕ ಆವರಣ ಎಷ್ಟೋ ಸಲ ದುಂಡಾಗಿಯೋ 1 ಎಂಬ ಅಂಕಿಯಾಗಿಯೋ ಬರುತ್ತದೆ, ಗ್ರೂನೆಯ ಎರಡು ಚುಕ್ಕಿ ಬಿದ್ದುಹೋಗುತ್ತದೆ. ಹುಡುಕುವ ನಮೂನೆಯಲ್ಲಿ ಇವಕ್ಕೆಲ್ಲ ಸಡಿಲ ಕೊಡಬೇಕು, ಕೊಟ್ಟ ಸಡಿಲದಿಂದ ಒಳಬಂದ ಕಸವನ್ನು ಕೈಯಿಂದ ತೆಗೆಯಬೇಕು.

ಅದಕ್ಕಿಂತ ದೊಡ್ಡ ತೊಡಕು ಎಣಿಕೆಯದು. ಕೆಲ್ಲಿ ಮಾತಾಡುತ್ತಿರುವಾಗ ಬೇರೊಬ್ಬರು ನಡುಪ್ರಶ್ನೆ ಎತ್ತಿದರೆ, ಅಥವಾ ಸಭಾಧ್ಯಕ್ಷರು ಗಂಟೆ ಬಾರಿಸಿ ಸಮಯ ನೆನಪಿಸಿದರೆ, ಮತ್ತೆ ಮಾತು ಮುಂದುವರಿಯುವಲ್ಲಿ ಅದೇ ಹೆಸರಿನ ಗುರುತು ಮರಳಿ ಬರುತ್ತದೆ. ಒಂದು ಭಾಷಣ ಮೂರು ನಾಲ್ಕಾಗಿ ಎಣಿಕೆಯಾಗುವುದು ಹೀಗೆ. ಇದರ ತಿರುವುಮುರುವೂ ಉಂಟು. ಬೇರೆಯವರ ಭಾಷಣದ ನಡುವೆ ಕೆಲ್ಲಿ ಕೇಳಿದ ಒಂದು ಸಾಲಿನ ಪ್ರಶ್ನೆಗೂ ಅದೇ ಗುರುತು, ಅದೂ ಭಾಷಣವೆಂದೇ ದಾಖಲಾಗುತ್ತದೆ. ಈಗ ಅನುಸರಿಸುತ್ತಿರುವ ಕ್ರಮ ಇದು: ಗುರುತಿನ ಹಿಂದಿನ ಸಭಾಧ್ಯಕ್ಷರ ಮಾತನ್ನು ಓದಿ, ಅಲ್ಲಿ ಇಂಥವರಿಗೆ ಮಾತಿನ ಅವಕಾಶ ಎಂದಿದ್ದರೆ ಹೊಸ ಭಾಷಣ, ನಡುಪ್ರಶ್ನೆ ಎಂದಿದ್ದರೆ ಪ್ರಶ್ನೆ, ಎರಡೂ ಇಲ್ಲದಿದ್ದರೆ ಹಿಂದಿನದರ ಮುಂದುವರಿಕೆ. ಅನುಮಾನ ಬಂದದ್ದೆಲ್ಲ ಪಿಡಿಎಫ್ ತೆರೆದು ನೋಡಿಯೇ ತೀರ್ಮಾನ.

ಪುಟ ಎರಡು ಕಾಲಂಗಳಲ್ಲಿದ್ದು, ಅಂಚಿನಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರಗಳಿಂದ ನಾಲ್ಕು ಭಾಗವಾಗಿದೆ. ಪುಟಸಂಖ್ಯೆ ಇಡೀ ಅವಧಿಗೆ ಒಂದೇ ಸಮನೆ ಓಡುತ್ತದೆ, ಸಭೆಗೊಂದು ಒಂದರಿಂದ ಶುರುವಾಗುವುದಿಲ್ಲ. ಸಭೆ ಯಾವ ಪುಟದಿಂದ ಯಾವ ಪುಟದವರೆಗೆ ಎಂಬ ಒಂದು ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಂಡರೆ ಅರ್ಧ ತಲೆನೋವು ಕಡಿಮೆ. ಇನ್ನೊಂದು ಸೂಚನೆ: 1996ರ ಕಾಗುಣಿತ ಸುಧಾರಣೆಗೂ ಹಿಂದಿನ ಜರ್ಮನ್ ಇದು. ಇಂದಿನ ಜರ್ಮನ್ ಕಾಗುಣಿತ ಹಾಕಿ ಹುಡುಕಿದರೆ ಎಷ್ಟೋ ಪದ ಸಿಗುವುದೇ ಇಲ್ಲ. ಎಸ್‌ಝೆಟ್ (ß) ಅಕ್ಷರವನ್ನು ಓಸಿಆರ್ ದೊಡ್ಡ ಬಿ ಎಂದು ಓದಿಕೊಂಡಿರುವುದೂ ಸಾಮಾನ್ಯ.

ಸ್ಕ್ರಿಪ್ಟ್ ಏನು ಬಿಟ್ಟಿತು ಎಂದು ತಿಳಿಯಲು ಒಳ್ಳೆಯ ಅಳತೆಗೋಲು ಅವಧಿಯ ಕೊನೆಗೆ ಸದನವೇ ಪ್ರಕಟಿಸಿದ ಭಾಷಣಕಾರರ ಸೂಚಿ. ಪ್ರತಿ ಸದಸ್ಯರ ಹೆಸರಿನಡಿ ವಿಷಯ ಮತ್ತು ಪುಟ ಅಲ್ಲಿವೆ. ಸೂಚಿಯಲ್ಲಿದ್ದು ನಮ್ಮ ಪಟ್ಟಿಯಲ್ಲಿ ಇಲ್ಲದ ಪುಟ ಸಿಕ್ಕರೆ ಅಲ್ಲಿ ಓಸಿಆರ್ ಕೆಟ್ಟಿದೆ ಎಂದೇ ಲೆಕ್ಕ.

ಲಿಖಿತ ಪ್ರಶ್ನೆ ಅಡಗಿರುವ ಜಾಗ

ಸದನದ ಮುದ್ರಿತ ದಾಖಲೆಗಳಿಗೆ ಅವಧಿ, ಓರೆಗೆರೆ, ಕ್ರಮಸಂಖ್ಯೆ ಎಂಬ ಗುರುತು ಇರುತ್ತದೆ. ಪಕ್ಷದ ಹೆಸರಲ್ಲಿ ಕೊಟ್ಟ ಕಿರು ಪ್ರಶ್ನಾವಳಿ ಅಥವಾ ನಿರ್ಣಯವಾದರೆ ಕೆಲ್ಲಿ ಹೆಸರು ತಲೆಬರಹದಲ್ಲೇ ಕಾಣುತ್ತದೆ, ಹುಡುಕುವುದು ಸುಲಭ. ವೈಯಕ್ತಿಕ ಲಿಖಿತ ಪ್ರಶ್ನೆಗಳ ಕಥೆ ಬೇರೆ. ನಿಯಮದಂತೆ ಒಬ್ಬ ಸದಸ್ಯರು ತಿಂಗಳಿಗೆ ನಾಲ್ಕು ಕೇಳಬಹುದು. ಆ ವಾರ ಉತ್ತರ ಬಂದ ಎಲ್ಲರ ಪ್ರಶ್ನೆಗಳನ್ನೂ ಒಟ್ಟಿಗೆ ಒಂದೇ ದಾಖಲೆಯಾಗಿ ಮುದ್ರಿಸುತ್ತಾರೆ. ಅದರ ತಲೆಬರಹದಲ್ಲಿ ಯಾರ ಹೆಸರೂ ಇರುವುದಿಲ್ಲ. ಒಳಗೆ ಸಚಿವಾಲಯವಾರು ವಿಂಗಡಣೆ. ಕೆಲ್ಲಿಯವರ ಒಂದೇ ವಾರದ ಎರಡು ಪ್ರಶ್ನೆಗಳು ವಿದೇಶಾಂಗದಡಿ ಒಂದು, ರಕ್ಷಣೆಯಡಿ ಒಂದು ಎಂದು ಬೇರೆ ಬೇರೆ ಪುಟಕ್ಕೆ ಹೋಗಿರಬಹುದು. ಎರಡು ಅವಧಿಗಳ ಅಷ್ಟೂ ವಾರದ ದಾಖಲೆ ತೆರೆದು ನೋಡುವುದನ್ನು ಬಿಟ್ಟು ಬೇರೆ ದಾರಿ ಇಲ್ಲ. ಉತ್ತರ ಕೊಟ್ಟವರ ಹುದ್ದೆ ಮತ್ತು ದಿನಾಂಕವನ್ನೂ ದಾಖಲಿಸುತ್ತಿದ್ದೇವೆ, ಯಾಕೆಂದರೆ ಪ್ರಶ್ನೆಯ ಬೆಲೆ ಇರುವುದು ಅದು ಹೊರಡಿಸಿದ ಉತ್ತರದಲ್ಲಿ.

ವಿದೇಶಾಂಗ ಸಮಿತಿಯಲ್ಲಿ ಅವರು ಸದಸ್ಯರಾಗಿದ್ದರು. ಆ ಸಭೆಗಳು ಗುಪ್ತವಾಗಿ ನಡೆಯುವಂಥವು, ನಡಾವಳಿಯಲ್ಲಿ ಬರುವುದಿಲ್ಲ. ಅವರ ಖಾಸಗಿ ಕಾಗದಪತ್ರ ಬರ್ಲಿನ್‌ನ ಗ್ರೀನ್ಸ್ ಸ್ಮೃತಿ ಸಂಗ್ರಹಾಲಯದಲ್ಲಿದೆ. ಸದ್ಯಕ್ಕೆ ಅದು ಈ ಕಾಲರೇಖೆಯ ಆಚೆಗೆ.

ವಿಷಯದ ಟ್ಯಾಗ್ ಯಾಕೆ ಮುರಿದುಬಿತ್ತು

ಮೊದಲ ನಕ್ಷೆಯಲ್ಲಿ ಸಾಲಿಗೊಂದು ಟ್ಯಾಗ್: ಮಾನವ ಹಕ್ಕು, ನಿಶ್ಶಸ್ತ್ರೀಕರಣ, ಪರಿಸರ–ಹವಾಮಾನ. ಯಾವ ಸಾಲೂ ಒಂದರಲ್ಲಿ ನಿಲ್ಲಲಿಲ್ಲ. 1937ರಲ್ಲಿ ಜರ್ಮನ್ ವಿಮಾನಗಳು ಬಾಂಬ್ ಸುರಿದ ಗೆರ್ನಿಕಾಗೆ ಜರ್ಮನಿ ಸಾಮರಸ್ಯದ ಹೆಜ್ಜೆ ಇಡಬೇಕೆಂಬ ಒತ್ತಾಯ ಹಕ್ಕಿನದೋ ಯುದ್ಧದ್ದೋ? ಮಕ್ಕಳ ಕ್ಯಾನ್ಸರ್ ಕುರಿತ ಕೆಲಸ ಎಲ್ಲಿಗೆ? ತಂಗಿ ಗ್ರೇಸ್ 1970ರಲ್ಲಿ ಹತ್ತನೇ ವಯಸ್ಸಿಗೆ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ ಕೆಲ್ಲಿ ಆ ವಿಷಯವನ್ನು ಕೈಬಿಡಲೇ ಇಲ್ಲ. ಅದು ವಿಕಿರಣದ ಪ್ರಶ್ನೆಗೆ, ಅಲ್ಲಿಂದ ಅಣುಸ್ಥಾವರಕ್ಕೆ, ಅಲ್ಲಿಂದ ಅಣ್ವಸ್ತ್ರಕ್ಕೆ ನಂಟು ಹಾಕಿಕೊಂಡೇ ಬರುತ್ತದೆ. ಈಗ ಒಂದು ಸಾಲಿಗೆ ಎಷ್ಟು ಟ್ಯಾಗ್ ಬೇಕಾದರೂ ಹಾಕಬಹುದು. ಇದು ಬರೀ ತಾಂತ್ರಿಕ ಬದಲಾವಣೆ ಅಲ್ಲ. ಈ ಮೂರನ್ನೂ ಬಿಡಿಸಿ ನೋಡಿದವರಿಗೆ ಕೆಲ್ಲಿ ಅರ್ಥವಾಗುವುದಿಲ್ಲ ಎನ್ನುವುದು ದಾಖಲೆ ಓದುತ್ತಾ ಹೋದಷ್ಟೂ ಗಟ್ಟಿಯಾಗುತ್ತಿದೆ.

ಹವಾಮಾನದ ವಿಷಯದಲ್ಲಿ ಅತಿ ಎಚ್ಚರ ಬೇಕು. ಇಂದಿನ ಪದ ಹಿಡಿದು ಹುಡುಕಿದರೆ 10ನೇ ಅವಧಿ ಬರಿದಾಗಿ ಕಾಣುತ್ತದೆ. ಕಾಡಿನ ಸಾವು, ಆಮ್ಲಮಳೆ, ಇಂಧನ ನೀತಿ, 1986ರ ಏಪ್ರಿಲ್ ನಂತರ ಚೆರ್ನೋಬಿಲ್ ಎಂದು ಹುಡುಕಬೇಕು. 11ನೇ ಅವಧಿಯಲ್ಲಿ ಓಝೋನ್ ಮತ್ತು ಹಸಿರುಮನೆ ಪರಿಣಾಮ ಸೇರುತ್ತವೆ. ಭೂವಾತಾವರಣದ ರಕ್ಷಣೆಗೆಂದು 1987ರಲ್ಲಿ ಸದನ ವಿಚಾರಣಾ ಆಯೋಗ ನೇಮಿಸಿತು. ಅದರಲ್ಲಿ ಗ್ರೀನ್ಸ್ ಪರವಾಗಿ ದುಡಿದವರು ವಿಲ್ಹೆಲ್ಮ್ ಕ್ನಾಬೆ. ಆ ಕೀರ್ತಿಯನ್ನು ಕೆಲ್ಲಿ ಹೆಸರಿಗೆ ಬರೆಯುವ ಆಸೆ ಬೇಡ. ಅವರ ಸಾಧನೆ ಬೇರೆಯವರದನ್ನು ಸೇರಿಸಿಕೊಳ್ಳದೆಯೂ ದೊಡ್ಡದೇ.

ಮತ ಮತ್ತು ಫಲಿತಾಂಶ

1983ರ ನವೆಂಬರ್ 22ರ ಮತದಾನ ನಮ್ಮ ಕಾಲರೇಖೆಯ ಅತಿ ಭಾರದ ಸಾಲು. ಅಮೆರಿಕದ ಅಣ್ವಸ್ತ್ರ ಹೊರುವ ಪರ್ಶಿಂಗ್-2 ಕ್ಷಿಪಣಿ ನೆಲೆಗೊಳಿಸುವುದಕ್ಕೆ ಸದನ ಒಪ್ಪಿದ ದಿನ ಅದು. ವರದಿಗಳಲ್ಲಿ ಕಾಣುವ ಲೆಕ್ಕ 286ಕ್ಕೆ 226. ಎರಡನ್ನೂ ಕೂಡಿ: 512. ಆದರೆ ಪೂರ್ಣ ಮತಾಧಿಕಾರ ಇದ್ದವರು 498 ಜನ ಮಾತ್ರ. ಉಳಿದ 22 ಮಂದಿ ಪಶ್ಚಿಮ ಬರ್ಲಿನ್‌ನವರು. ನಗರದ ವಿಶೇಷ ಸ್ಥಾನಮಾನದಿಂದಾಗಿ ಅವರ ಮತವನ್ನು ನಡಾವಳಿ ಬೇರೆಯಾಗಿ ಪಟ್ಟಿ ಮಾಡುತ್ತದೆ. ವರದಿಯ ಅಂಕಿ ಅವರನ್ನೂ ಸೇರಿಸಿದ್ದು. ಆದ್ದರಿಂದ ಹೆಸರು ಕರೆದು ನಡೆದ ಪ್ರತಿ ಮತದಾನಕ್ಕೂ ಎರಡು ಕಾಲಂ ಇಟ್ಟಿದ್ದೇವೆ, ಒಂದು ಪೂರ್ಣ ಮತ, ಇನ್ನೊಂದು ಬರ್ಲಿನ್ ಮತ. ಗ್ರೀನ್ಸ್‌ಗೂ ಇದೇ ಲೆಕ್ಕ: 27 ಮತ್ತು 1.

ಕೆಲ್ಲಿ ಪಕ್ಷ ಸೋತ ಆ ಮತದ ಮುಂದೆ 1987ರ ಡಿಸೆಂಬರ್ 8ರ ಸಾಲನ್ನೂ ಇಟ್ಟು ನೋಡಬೇಕು. ಅಂದು ವಾಷಿಂಗ್ಟನ್‌ನಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಸಹಿ ಹಾಕಿದ ಐಎನ್ಎಫ್ (ಮಧ್ಯಮ ದೂರದ ಕ್ಷಿಪಣಿ) ಒಪ್ಪಂದದಡಿ 1991ರೊಳಗೆ 2,692 ಕ್ಷಿಪಣಿ ನಾಶವಾದವು, ಪರ್ಶಿಂಗ್-2 ಸಹ.

ನಿರ್ಣಯಗಳ ಫಲಿತಾಂಶದ ಕಾಲಂನಲ್ಲಿ ಗೆದ್ದಿತು, ಸೋತಿತು ಎಂಬ ಎರಡೇ ಆಯ್ಕೆ ಸಾಲದು. ಸಮಿತಿಗೆ ಹೋದದ್ದು, ಇತ್ಯರ್ಥವಾಯಿತೆಂದು ಘೋಷಿಸಿದ್ದು, ಅವಧಿ ಮುಗಿದಾಗ ತಾನಾಗಿ ಬಿದ್ದುಹೋದದ್ದು ಎಂಬ ಇನ್ನೂ ಮೂರು ಬೇಕು. ಕೊನೆಯದನ್ನು ಸೋಲೆಂದು ಬರೆದರೆ ತಪ್ಪು, ಮುಂದಿನ ಅವಧಿಯಲ್ಲಿ ಹೊಸ ಸಂಖ್ಯೆಯೊಂದಿಗೆ ಅದೇ ನಿರ್ಣಯ ಮತ್ತೆ ಬಂದಿರಬಹುದು. ಗೆದ್ದದ್ದೂ ಉಂಟು. ಪೂರ್ತಿಯಾದ ಒಂದು ಸಾಲು ಹೀಗೆ ಕಾಣುತ್ತದೆ:

ದಿನಾಂಕ 1987-10-15 | ಅವಧಿ 11 | ಬಗೆ: ನಿರ್ಣಯ | ಟ್ಯಾಗ್: ಮಾನವ ಹಕ್ಕು, ಟಿಬೆಟ್ | ಫಲಿತಾಂಶ: ಸರ್ವಾನುಮತ | ಜೋಡಿ ಸಾಲು: 1989-04-20, ಬಾನ್‌ನಲ್ಲಿ ಟಿಬೆಟ್ ಕುರಿತ ಅಂತರರಾಷ್ಟ್ರೀಯ ವಿಚಾರಣೆ, ಸದನದ ಹೊರಗೆ, ಎರಡು ದಿನ

ಸದನದ ಹೊರಗೆ ಎಂಬ ಗುರುತು ಇಲ್ಲಿ ಮುಖ್ಯ. ಬಾನ್ ವಿಚಾರಣೆ ನಡಾವಳಿಯಲ್ಲಿ ಸಿಗುವುದಿಲ್ಲ, ಆದರೆ ಅದಿಲ್ಲದೆ 1987ರ ನಿರ್ಣಯದ ಮುಂದಿನ ಹೆಜ್ಜೆ ಕಾಣುವುದಿಲ್ಲ.

ಮರಣದ ಸಾಲು

ಇದಕ್ಕೆ ಎರಡು ದಿನಾಂಕ ಹಾಕಿದ್ದೇವೆ: 1992ರ ಅಕ್ಟೋಬರ್ 1 ಮತ್ತು 19. ಮೊದಲನೆಯದು ಸಾವಿನದೆಂದು ನಮೂದಾಗಿರುವುದು, ಎರಡನೆಯದು ಬಾನ್‌ನ ಮನೆಯಲ್ಲಿ ದೇಹಗಳು ಪತ್ತೆಯಾದದ್ದು. ಅವರ ಸಂಗಾತಿ, ಮಾಜಿ ಸೇನಾಧಿಕಾರಿ ಮತ್ತು ಸಹಸಂಸದ ಗೆರ್ಟ್ ಬಾಸ್ಟಿಯಾನ್, ಕೆಲ್ಲಿಯವರನ್ನು ಗುಂಡಿಟ್ಟು ಕೊಂದು ತಾವೂ ಗುಂಡು ಹಾರಿಸಿಕೊಂಡರು ಎಂಬುದು ಪೊಲೀಸರ ತೀರ್ಮಾನ. ಹಲವು ಬರಹಗಳು ಇದನ್ನು ಜೋಡಿ ಆತ್ಮಹತ್ಯೆ ಎಂದು ಬರೆದುಬಿಡುತ್ತವೆ. ಕೆಲ್ಲಿ ಒಪ್ಪಿದ್ದರೆಂಬುದಕ್ಕೆ ಯಾವ ಸುಳಿವೂ ಇಲ್ಲ. ನಮ್ಮ ಸಾಲಿನಲ್ಲಿ ಕೊಲೆ ಎಂದೇ ಇದೆ, ತಿದ್ದಲು ಬರುವವರು ದಯವಿಟ್ಟು ಅದನ್ನು ಮೃದುಗೊಳಿಸಬೇಡಿ. ಬಾಸ್ಟಿಯಾನ್ ಹೆಸರಿನ ಸಾಲುಗಳಲ್ಲಿ ಪಕ್ಷದ ಗುರುತನ್ನೂ ಗಮನಿಸಿ: 1984ರಲ್ಲಿ ಅವರು ಗ್ರೀನ್ಸ್ ಗುಂಪು ಬಿಟ್ಟಿದ್ದರಿಂದ ಅಲ್ಲಿಂದ ಮುಂದೆ ಕೆಲಕಾಲ ಗುಂಪಿಲ್ಲದ ಸದಸ್ಯ ಎಂದು ಬರುತ್ತದೆ, ಪಕ್ಷದ ಹೆಸರಿಟ್ಟು ಹುಡುಕಿದರೆ ತಪ್ಪಿಹೋಗುತ್ತಾರೆ.

ಮುಂದಿನ ಸುತ್ತಿಗೆ ಉಳಿದಿರುವುದು: 11ನೇ ಅವಧಿಯ ಸೂಚಿಯೊಂದಿಗೆ ತಾಳೆ, ವಾರದ ದಾಖಲೆಗಳಿಂದ ಲಿಖಿತ ಪ್ರಶ್ನೆಗಳು, ಲಿಖಿತವಾಗಿ ಸಲ್ಲಿಸಿ ನಡಾವಳಿಯ ಅನುಬಂಧಕ್ಕೆ ಸೇರಿದ ಭಾಷಣಗಳು. ಜರ್ಮನ್ ಓದಬಲ್ಲವರು ಲಿಖಿತ ಪ್ರಶ್ನೆಗಳಿಂದ ಶುರುಮಾಡಬಹುದು. ಜರ್ಮನ್ ಬಾರದವರಿಗೆ ಸಭೆ–ಪುಟ ಪಟ್ಟಿಯ ಪರಿಶೀಲನೆ ಇದೆ. ಅದಕ್ಕೆ ಅಂಕಿ ಓದಲು ಬಂದರೆ ಸಾಕು.