ಲ್ಯಾಪ್‌ಟಾಪ್‌ಗೆ ನೆಟ್ ಬರುತ್ತೆ, ಎನ್‌ಕೋಡರ್‌ಗೆ ಯಾಕೆ ಬರಲ್ಲ?

ಲೈವ್ ಶುರುವಾಗಲು ಅರ್ಧ ಗಂಟೆ ಇರುವಾಗ ಎನ್‌ಕೋಡರ್ (ಕ್ಯಾಮೆರಾದ ಚಿತ್ರವನ್ನು ಸ್ಟ್ರೀಮ್ ಮಾಡಿ ನೆಟ್‌ಗೆ ಕಳಿಸುವ ಡಬ್ಬ) ಕೆಂಪು ದೀಪ ತೋರಿಸಿದರೆ, ಪಕ್ಕದಲ್ಲಿದ್ದವರು ಮೊದಲು ಮಾಡುವುದು ಆ ಕೇಬಲ್ ಕಿತ್ತು ಲ್ಯಾಪ್‌ಟಾಪ್‌ಗೆ ಚುಚ್ಚುವ ಕೆಲಸ. ಬ್ರೌಸರ್ ತೆರೆದುಕೊಳ್ಳುತ್ತದೆ, ಸ್ಪೀಡ್ ಟೆಸ್ಟ್ 50 ಮೆಗಾಬಿಟ್ ತೋರಿಸುತ್ತದೆ. ‘ನೆಟ್ ಸರಿಯಾಗೇ ಇದೆ, ನಿಮ್ಮ ಡಬ್ಬಾನೇ ಕೆಟ್ಟಿದೆ’ ಎಂಬ ತೀರ್ಪೂ ಬಂದುಬಿಡುತ್ತದೆ. ಡಬ್ಬಾ ನಿಜವಾಗಿ ಕೆಟ್ಟಿರುವುದು ಅಪರೂಪ. ಲ್ಯಾಪ್‌ಟಾಪ್ ನಮಗೆ ಹೇಳದೆ ಸುಧಾರಿಸಿಕೊಂಡು ಹೋಗುವ ಎಷ್ಟೋ ಕೊರತೆಗಳನ್ನು ಎನ್‌ಕೋಡರ್ ಸುಧಾರಿಸಿಕೊಳ್ಳುವುದಿಲ್ಲ, ಅಷ್ಟೇ. ಅದಕ್ಕೆ ಕಣ್ಣೂ ಇಲ್ಲ, ಬಾಯೂ ಇಲ್ಲ. ಹೇಳುವುದೆಲ್ಲ ‘ಕನೆಕ್ಷನ್ ಫೇಲ್ಡ್’ ಎಂಬ ಒಂದೇ ಸಾಲು. ಕೇಬಲಿನಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಹತ್ತಿ ನೋಡಬೇಕು. ಬಿಟ್‌ರೇಟ್ (ಪ್ರತಿ ಸೆಕೆಂಡಿಗೆ ಕಳಿಸುವ ಡೇಟಾ) ಇಳಿಸುವುದು ಕಟ್ಟಕಡೆಯ ಮಾತು. ಬಹಳ ಮಂದಿ ಅದನ್ನೇ ಮೊದಲು ಮಾಡುತ್ತಾರೆ.

ಗಿಗಾಬಿಟ್ ಲಿಂಕ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಕನೆಕ್ಟರ್‌ನಲ್ಲಿ ಒಂದು ತಂತಿ ಸಡಿಲವಾದರೂ ಲಿಂಕ್ 100ಕ್ಕೆ ಇಳಿದು ನಿಲ್ಲಬಹುದು. 6 ಮೆಗಾಬಿಟ್ ಸ್ಟ್ರೀಮ್‌ಗೆ 100 ಧಾರಾಳ ಸಾಕು, ನಿಜ. ಆದರೆ ಎರಡೂ ಕಡೆ ಗಿಗಾಬಿಟ್ ಇದ್ದೂ 100 ತೋರಿಸುತ್ತಿದ್ದರೆ ಕೇಬಲ್ ಮೇಲೆ ನಂಬಿಕೆ ಇಡಬೇಡಿ, ಬದಲಾಯಿಸಿ. ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್‌ನಿಂದ ಉಪಕರಣದವರೆಗೆ 100 ಮೀಟರ್ ಮಿತಿ. ನಡುವಿನ ಪ್ಯಾಚ್ ಕೇಬಲ್‌ಗಳೂ ಅದರ ಲೆಕ್ಕಕ್ಕೇ ಸೇರುತ್ತವೆ.

ಇಲ್ಲೇ ಇನ್ನೊಂದು ಹಳೆಯ ತಂಟೆ ಇದೆ: ಡ್ಯೂಪ್ಲೆಕ್ಸ್, ಅಂದರೆ ಕಳಿಸುವುದೂ ಪಡೆಯುವುದೂ ಒಟ್ಟಿಗೇ (ಫುಲ್) ನಡೆಯುತ್ತದೋ, ಸರದಿಯಲ್ಲೋ (ಹಾಫ್) ಎಂಬುದು. ಎನ್‌ಕೋಡರ್‌ನಲ್ಲಿ ‘100 ಫುಲ್’ ಎಂದು ಕಟ್ಟಿಹಾಕಿ, ಸ್ವಿಚ್ಚನ್ನು ‘ಆಟೋ’ದಲ್ಲಿ ಬಿಟ್ಟರೆ, ಸ್ವಿಚ್‌ಗೆ ವೇಗ ತಿಳಿಯುತ್ತದೆ, ಡ್ಯೂಪ್ಲೆಕ್ಸ್ ತಿಳಿಯುವುದಿಲ್ಲ. ಅದು ಹಾಫ್‌ಗೆ ಇಳಿಯುತ್ತದೆ. ಪಿಂಗ್ (‘ಇದ್ದೀಯಾ’ ಎಂದು ಕೇಳುವ ಸಣ್ಣ ಸಂದೇಶ) ಹೋಗುತ್ತದೆ, ಸೆಟ್ಟಿಂಗ್ ಪುಟ ತೆರೆಯುತ್ತದೆ, ವಿಡಿಯೋ ಶುರುವಾದ ಮೇಲೆ ಮಾತ್ರ ಪ್ಯಾಕೆಟ್‌ಗಳು (ಡೇಟಾ ತುಂಡುಗಳು) ಉದುರತೊಡಗುತ್ತವೆ. ಎರಡೂ ಕಡೆ ಆಟೋ ಇರಲಿ. ಯಾವುದೋ ಕಾರಣಕ್ಕೆ ಕಟ್ಟಿಹಾಕಲೇಬೇಕಾದರೆ ಎರಡೂ ಕಡೆ ಒಂದೇ ರೀತಿ ಕಟ್ಟಿ. ಆಟೋದಲ್ಲಿರುವ ಲ್ಯಾಪ್‌ಟಾಪ್ ಅದೇ ಸ್ವಿಚ್ ಪೋರ್ಟಿನಲ್ಲಿ ಚೆನ್ನಾಗಿ ನಡೆಯುವುದರಲ್ಲಿ ಆಶ್ಚರ್ಯವೇನಿಲ್ಲ.

ಇನ್ನು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಉಪಕರಣದ ಸಂಖ್ಯೆ. ಹೊಸ ಎನ್‌ಕೋಡರ್ ಒಂದೋ ಡಿಎಚ್‌ಸಿಪಿಯಿಂದ (ವಿಳಾಸಗಳನ್ನು ತಾನಾಗಿ ಹಂಚುವ ವ್ಯವಸ್ಥೆಯಿಂದ) ವಿಳಾಸ ಕೇಳುತ್ತದೆ, ಇಲ್ಲವೇ ತಯಾರಕರು ಹಾಕಿಟ್ಟ ಸ್ಥಿರ ವಿಳಾಸದಲ್ಲಿ ಕೂತಿರುತ್ತದೆ. ಎರಡನೆಯದಾದರೆ ಅದನ್ನು ಮುಟ್ಟಲು ಲ್ಯಾಪ್‌ಟಾಪನ್ನೇ ಅದರ ಸಾಲಿಗೆ ತರಬೇಕು. ಡಬ್ಬದ ತಳದಲ್ಲಿ 192.168.1.168 ಎಂದು ಬರೆದಿದ್ದರೆ ಲ್ಯಾಪ್‌ಟಾಪ್‌ಗೆ 192.168.1.50, ಮಾಸ್ಕ್ (ಯಾವ ವಿಳಾಸಗಳು ತನ್ನದೇ ಸಾಲಿನವು ಎಂದು ಹೇಳುವ ಸಂಖ್ಯೆ) 255.255.255.0 ಕೊಟ್ಟು, ವೈಫೈ ಆರಿಸಿ, ನೇರ ಕೇಬಲ್ ಹಾಕಿ. ವೈಫೈ ಆರಿಸುವುದನ್ನು ಮರೆಯಬೇಡಿ. ಕಚೇರಿಯ ವೈಫೈಯೂ 192.168.1 ಸಾಲಿನಲ್ಲೇ ಇದ್ದರೆ ಲ್ಯಾಪ್‌ಟಾಪ್ ಎನ್‌ಕೋಡರನ್ನು ಗಾಳಿಯಲ್ಲಿ ಹುಡುಕುತ್ತಾ ಕೂರುತ್ತದೆ. ವಿಳಾಸ ಬದಲಿಸಿ ‘ಸೇವ್’ ಒತ್ತಿದೊಡನೆ ಪುಟ ಸ್ತಬ್ಧವಾಗುತ್ತದೆ. ಹಾಳಾಯಿತೆಂದು ಗಾಬರಿಯಾಗಿ ರೀಸೆಟ್ ಗುಂಡಿಗೆ ಕೈ ಹಾಕಬೇಡಿ. ಎನ್‌ಕೋಡರ್ ಹೊಸ ವಿಳಾಸಕ್ಕೆ ಹೋಗಿದೆ, ನೀವು ಹಳೆಯ ಬಾಗಿಲು ತಟ್ಟುತ್ತಿದ್ದೀರಿ.

ಪರದೆಯಲ್ಲಿ 169.254ರಿಂದ ಶುರುವಾಗುವ ವಿಳಾಸ ಕಂಡರೆ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ, ಉಪಕರಣ ತಾನೇ ಒಂದನ್ನು ಹಚ್ಚಿಕೊಂಡಿದೆ ಎಂದರ್ಥ. ಕೇಬಲ್ ತಪ್ಪು ವಿಲ್ಯಾನ್‌ನಲ್ಲಿ (ಸ್ವಿಚ್ಚಿನೊಳಗೇ ಬೇರ್ಪಡಿಸಿದ ನೆಟ್‌ವರ್ಕ್‌ನಲ್ಲಿ) ಇರಬಹುದು, ಅಥವಾ ಸ್ವಿಚ್ ಆ ಮ್ಯಾಕ್ ವಿಳಾಸಕ್ಕೆ (ತಯಾರಕರು ಉಪಕರಣಕ್ಕೆ ಕೊಟ್ಟ ಗುರುತಿನ ಸಂಖ್ಯೆಗೆ) ಅನುಮತಿ ಕೊಟ್ಟಿರಲಿಕ್ಕಿಲ್ಲ. ಇಲ್ಲಿಂದ ಮುಂದಿನ ಯಾವ ಸೆಟ್ಟಿಂಗ್ ಮುಟ್ಟಿದರೂ ವ್ಯರ್ಥ.

ಸ್ಥಿರ ವಿಳಾಸವೋ, ಡಿಎಚ್‌ಸಿಪಿಯೋ? ರ್‍ಯಾಕ್‌ನಲ್ಲಿ ಶಾಶ್ವತವಾಗಿ ಇರುವ ಎನ್‌ಕೋಡರ್‌ಗೆ ಡಿಎಚ್‌ಸಿಪಿ ಸರ್ವರ್‌ನಲ್ಲೇ ಅದರ ಮ್ಯಾಕ್ ಹೆಸರಿಗೆ ವಿಳಾಸ ಕಾದಿರಿಸುವುದು ಒಳ್ಳೆಯದು. ಉಪಕರಣದಲ್ಲಿ ಏನೂ ಬರೆಯಬೇಕಿಲ್ಲ, ವಿಳಾಸವೂ ಬದಲಾಗುವುದಿಲ್ಲ. ಊರೂರು ಸುತ್ತುವ ಡಬ್ಬಕ್ಕೆ ಬರಿಯ ಡಿಎಚ್‌ಸಿಪಿ. ಹೋದ ಕಾರ್ಯಕ್ರಮದ ಸ್ಥಿರ ವಿಳಾಸವನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೊಸ ಜಾಗಕ್ಕೆ ಬಂದ ಎನ್‌ಕೋಡರ್ ತಿನ್ನುವಷ್ಟು ಸಮಯವನ್ನು ಬೇರೆ ಯಾವ ದೋಷವೂ ತಿನ್ನುವುದಿಲ್ಲ. ಕೈಯಾರೆ ಸ್ಥಿರ ವಿಳಾಸ ಕೊಡುವುದಾದರೆ ಅದು ಡಿಎಚ್‌ಸಿಪಿ ಹಂಚುವ ವ್ಯಾಪ್ತಿಯ ಹೊರಗಿರಬೇಕು. ‘ಪಿಂಗ್ ಮಾಡಿದೆ, ಯಾರೂ ಉತ್ತರಿಸಲಿಲ್ಲ, ಹಾಗಾಗಿ ಖಾಲಿ ಇದೆ’ ಎಂಬ ವಾದ ನಿಲ್ಲುವುದಿಲ್ಲ. ಆ ವಿಳಾಸದ ಪ್ರಿಂಟರ್ ಆಗ ಆರಿಸಿದ್ದಿರಬಹುದು, ನಿಮ್ಮ ಲೈವ್ ಮಧ್ಯದಲ್ಲಿ ಯಾರಾದರೂ ಹಚ್ಚಬಹುದು.

ಮಾಸ್ಕ್ ಖಾನೆಯಲ್ಲಿ ಕಣ್ಣುಮುಚ್ಚಿ 255.255.255.0 ತುಂಬುವ ಅಭ್ಯಾಸ ನಮ್ಮಲ್ಲಿ ಬಹಳ. ನೆಟ್‌ವರ್ಕ್ ನಿಜವಾಗಿ 10.20.30.0, ಮಾಸ್ಕ್ 255.255.255.192 ಎಂದುಕೊಳ್ಳಿ. ಅಲ್ಲಿ ಉಪಕರಣಗಳಿಗೆ ಸಿಗುವುದು .1ರಿಂದ .62ರವರೆಗಿನ ವಿಳಾಸ ಮಾತ್ರ. ಎನ್‌ಕೋಡರ್ .20ರಲ್ಲಿದೆ, ರೆಕಾರ್ಡಿಂಗ್ ಸರ್ವರ್ ಪಕ್ಕದ ಸಬ್‌ನೆಟ್ಟಿನ (ನೆಟ್‌ವರ್ಕಿನ ಇನ್ನೊಂದು ಭಾಗದ) .100ರಲ್ಲಿದೆ. ತಪ್ಪು ಮಾಸ್ಕ್ ಹಾಕಿದ ಎನ್‌ಕೋಡರ್ .100 ತನ್ನ ಕೋಣೆಯಲ್ಲೇ ಇದೆ ಎಂದು ನಂಬಿ ಗೇಟ್‌ವೇಗೆ (ಹೊರದಾರಿ ತೋರುವ ರೂಟರ್‌ಗೆ) ಕೊಡದೆ ನೇರವಾಗಿ ಕೂಗುತ್ತದೆ, ಉತ್ತರ ಬರುವುದಿಲ್ಲ. ವಿಚಿತ್ರವೆಂದರೆ ಯೂಟ್ಯೂಬ್‌ಗೆ ಸ್ಟ್ರೀಮ್ ಚೆನ್ನಾಗಿ ಹೋಗುತ್ತಿರುತ್ತದೆ, ಪಕ್ಕದ ಸರ್ವರ್ ಮಾತ್ರ ಸಿಗುವುದಿಲ್ಲ. ಗೇಟ್‌ವೇ ಖಾನೆ ಖಾಲಿ ಬಿಟ್ಟರೆ ಇದರ ತಿರುಗುಮುರುಗು: ಒಳಗೆಲ್ಲ ಸರಿ, ಹೊರಗೆ ಏನೂ ಇಲ್ಲ.

ಎರಡು ನೆಟ್‌ವರ್ಕ್ ಪೋರ್ಟ್ ಇರುವ ಎನ್‌ಕೋಡರ್‌ಗಳಲ್ಲಿ ಒಂದನ್ನು ನಿಯಂತ್ರಣಕ್ಕೆ, ಇನ್ನೊಂದನ್ನು ಸ್ಟ್ರೀಮ್‌ಗೆ ಇಡುವುದುಂಟು. ಎರಡೂ ಬೇರೆ ಬೇರೆ ಸಬ್‌ನೆಟ್‌ನಲ್ಲಿರಲಿ, ಗೇಟ್‌ವೇ ಸ್ಟ್ರೀಮ್ ಹೋಗುವ ಪೋರ್ಟಿಗೆ ಮಾತ್ರ ಇರಲಿ. ಎರಡಕ್ಕೂ ಗೇಟ್‌ವೇ ಕೊಟ್ಟರೆ ಹೊರಗೆ ಹೋಗುವ ಪ್ಯಾಕೆಟ್ ಯಾವ ದಾರಿ ಹಿಡಿಯುತ್ತದೋ ಹೇಳಲು ಬರುವುದಿಲ್ಲ. ರೀಬೂಟ್ ಆದಾಗಲೊಮ್ಮೆ ಅದು ಬದಲಾದರೂ ಬದಲಾದೀತು.

ಡಿಎನ್‌ಎಸ್ (ಸರ್ವರ್ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಮತ್ತು ಗಡಿಯಾರವನ್ನು ಒಟ್ಟಿಗೆ ಹೇಳುತ್ತೇನೆ, ಏಕೆಂದರೆ ಕೆಡುವುದೂ ಒಟ್ಟಿಗೇ. ಒಳಗೆ ಗಡಿಯಾರದ ಬ್ಯಾಟರಿ ಇಲ್ಲದ ಎನ್‌ಕೋಡರ್ ಪ್ರತಿ ಸಲ ಹಚ್ಚಿದಾಗಲೂ 1970ರ ಜನವರಿ 1ರಲ್ಲೋ, ತನ್ನ ಫರ್ಮ್‌ವೇರ್ ತಯಾರಾದ ದಿನದಲ್ಲೋ ಎಚ್ಚರಗೊಳ್ಳುತ್ತದೆ. ಆರ್‌ಟಿಎಂಪಿಎಸ್ (ಸ್ಟ್ರೀಮ್ ಕಳಿಸುವ ಆರ್‌ಟಿಎಂಪಿ ವಿಧಾನದ ಗೂಢಲಿಪಿ ರೂಪ) ಬಳಸುವಾಗ ಸರ್ವರ್ ತೋರಿಸುವ ಪ್ರಮಾಣಪತ್ರದ ಅವಧಿ ಈ ಗಡಿಯಾರದ ಪ್ರಕಾರ ಇನ್ನೂ ಆರಂಭವೇ ಆಗಿರುವುದಿಲ್ಲ, ಹಾಗಾಗಿ ಸಂಪರ್ಕ ತಿರಸ್ಕೃತ. ಸಮಯ ಸರಿಪಡಿಸಲು ಎನ್‌ಟಿಪಿ (ನೆಟ್ ಮೂಲಕ ಸಮಯ ಪಡೆಯುವ ವಿಧಾನ) ಬೇಕು, ಅದಕ್ಕೆ ಯುಡಿಪಿ 123 ತೆರೆದಿರಬೇಕು (ಯುಡಿಪಿ, ಟಿಸಿಪಿ ಎಂಬವು ಡೇಟಾ ಸಾಗಿಸುವ ಎರಡು ವಿಧಾನ; ಸಂಖ್ಯೆ ಎಂದರೆ ಪೋರ್ಟ್, ಸೇವೆಯ ಬಾಗಿಲು). ಎನ್‌ಟಿಪಿ ಸರ್ವರನ್ನು ಹೆಸರಿನಿಂದ ಕೊಟ್ಟಿದ್ದರೆ ಮೊದಲು ಡಿಎನ್‌ಎಸ್ ನಡೆಯಬೇಕು. ಗಡಿಯಾರ ಸರಿಯಾಗದಿದ್ದರೆ ಕೊನೆಗೆ ಪರದೆಯ ಮೇಲೆ ಬರುವುದು ಟಿಎಲ್‌ಎಸ್ (ಗೂಢಲಿಪಿ ಸಂಪರ್ಕದ) ದೋಷ. ನೀವು ಸ್ಟ್ರೀಮ್ ಕೀ (ಸ್ಟ್ರೀಮಿಂಗ್ ಸೇವೆ ಕೊಟ್ಟ ಗುಟ್ಟಿನ ಸಂಕೇತ) ಬದಲಿಸುತ್ತಾ ಕೂರುತ್ತೀರಿ. ಎನ್‌ಕೋಡರ್‌ನ ಸ್ಥಿತಿ ಪುಟದಲ್ಲಿ ದಿನಾಂಕ ನೋಡಲು ಎರಡು ಸೆಕೆಂಡು ಸಾಕು. ಅನೇಕ ಕಚೇರಿಗಳಲ್ಲಿ ಹೊರಗಿನ ಡಿಎನ್‌ಎಸ್‌ಗೆ ದಾರಿ ಮುಚ್ಚಿರುತ್ತದೆ, ಆದ್ದರಿಂದ ಗೂಗಲ್‌ನ 8.8.8.8 ಎಲ್ಲ ಕಡೆ ನಡೆಯುವ ಮಂತ್ರವಲ್ಲ. ಲ್ಯಾಪ್‌ಟಾಪ್‌ಗೆ ಸಿಕ್ಕಿರುವ ಡಿಎನ್‌ಎಸ್ ವಿಳಾಸವನ್ನೇ ನೋಡಿ ಬರೆಯಿರಿ.

ಸಭಾಂಗಣ, ಹೋಟೆಲ್‌ಗಳ ನೆಟ್‌ವರ್ಕ್ ಬ್ರೌಸರ್‌ನಲ್ಲಿ ಲಾಗಿನ್ ಪುಟ ತೋರಿಸಿ ‘ಒಪ್ಪುತ್ತೇನೆ’ ಒತ್ತಿಸಿಕೊಂಡ ಮೇಲಷ್ಟೇ ದಾರಿ ಬಿಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನೀವು ಅದನ್ನು ನಿನ್ನೆಯೇ ಒತ್ತಿ ಮರೆತಿರುತ್ತೀರಿ. ಎನ್‌ಕೋಡರ್‌ಗೆ ಒತ್ತಲು ಬೆರಳಿಲ್ಲ. ಇದಕ್ಕೆ ಉಪಾಯ ಒಂದೇ, ಅಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಮುಂಚೆಯೇ ಬರೆದು ಕೇಳುವುದು. ‘ಸ್ಟ್ರೀಮಿಂಗ್‌ಗೆ ಇಂಟರ್‌ನೆಟ್ ಬೇಕು’ ಎಂದು ಬರೆದರೆ ವೈಫೈ ಪಾಸ್‌ವರ್ಡ್ ಕಳಿಸುತ್ತಾರೆ. ಬರೆಯಬೇಕಾದ್ದು ಹೀಗೆ: ಉಪಕರಣದ ಮ್ಯಾಕ್ ವಿಳಾಸ ಇದು, ತಂತಿ ಸಂಪರ್ಕ ಬೇಕು, ಲಾಗಿನ್ ಪುಟ ಮತ್ತು ಪ್ರಾಕ್ಸಿಯಿಂದ (ನಡುವೆ ನಿಲ್ಲುವ ಸರ್ವರ್‌ನಿಂದ) ವಿನಾಯಿತಿ ಬೇಕು, ಒಳಗಿನಿಂದ ಹೊರಕ್ಕೆ ಇಂಥ ಸರ್ವರ್‌ಗೆ ಇಂಥ ಪೋರ್ಟ್, ಡಿಎನ್‌ಎಸ್‌ಗೆ 53, ಎನ್‌ಟಿಪಿಗೆ 123, ಸತತ 12 ಮೆಗಾಬಿಟ್ ಅಪ್‌ಲೋಡ್, ಇಷ್ಟರಿಂದ ಇಷ್ಟು ಗಂಟೆಯವರೆಗೆ. ‘ಒಳಗಿನಿಂದ ಹೊರಕ್ಕೆ’ ಎಂಬ ಮಾತು ಬಿಟ್ಟರೆ, ಹೊರಗಿನಿಂದ ಒಳಕ್ಕೆ ಬಾಗಿಲು ತೆರೆಯಲು ಕೇಳುತ್ತಿದ್ದೀರಿ ಎಂದು ತಿಳಿದು ಅರ್ಜಿಯನ್ನೇ ತಳ್ಳಿಹಾಕುತ್ತಾರೆ.

ಪೋರ್ಟ್ ವಿಚಾರದಲ್ಲಿ ಲ್ಯಾಪ್‌ಟಾಪ್ ಪರೀಕ್ಷೆ ಪೂರಾ ಮೋಸ. ಬ್ರೌಸರ್ ಹೋಗುವುದು ಹೆಚ್ಚಾಗಿ 443ರಲ್ಲಿ. ಸಾದಾ ಆರ್‌ಟಿಎಂಪಿ ಹೋಗುವುದು ಟಿಸಿಪಿ 1935ರಲ್ಲಿ. ಕಚೇರಿ ಫೈರ್‌ವಾಲ್‌ಗಳಲ್ಲಿ (ನೆಟ್‌ವರ್ಕಿನ ಕಾವಲುಗಳಲ್ಲಿ) 1935 ಮುಚ್ಚಿರುವುದು ಮಾಮೂಲು. ಸೇವೆ ಒಪ್ಪಿದರೆ ಆರ್‌ಟಿಎಂಪಿಎಸ್‌ಗೆ ಬದಲಿಸಿ, ಅದು 443ರಲ್ಲೇ ಹೋಗುತ್ತದೆ, ಸ್ಟ್ರೀಮ್ ಕೀ ಬಯಲಾಗಿ ಹರಿದಾಡುವುದೂ ತಪ್ಪುತ್ತದೆ. ಆಗಲೂ ಕಡಿದುಹೋದರೆ ಫೈರ್‌ವಾಲ್ ಟಿಎಲ್‌ಎಸ್ ಬಿಚ್ಚಿ ನೋಡುತ್ತಿದೆಯೇ ಕೇಳಿ. ಸಂಸ್ಥೆಯ ಪ್ರಮಾಣಪತ್ರ ಲ್ಯಾಪ್‌ಟಾಪ್‌ನಲ್ಲಿ ಇರುತ್ತದೆ, ಎನ್‌ಕೋಡರ್‌ನಲ್ಲಿ ಇರುವುದಿಲ್ಲ.

ಸ್ಪೀಡ್ ಟೆಸ್ಟ್ ತೋರಿಸುವ 50 ಮೆಗಾಬಿಟ್ ಬಗ್ಗೆಯೂ ಒಂದು ಮಾತು. ಅದು ಹಲವು ಸಂಪರ್ಕಗಳನ್ನು ಒಟ್ಟಿಗೆ ತೆರೆದು, ಹತ್ತಿರದ ಸರ್ವರ್‌ಗೆ, ಕೆಲವೇ ಸೆಕೆಂಡು ಅಳೆಯುತ್ತದೆ. ಆರ್‌ಟಿಎಂಪಿ ಹೋಗುವುದು ಒಂದೇ ಟಿಸಿಪಿ ಸಂಪರ್ಕದಲ್ಲಿ, ದೂರದ ಸರ್ವರ್‌ಗೆ, ಗಂಟೆಗಟ್ಟಲೆ. ಟಿಸಿಪಿಯಲ್ಲಿ ಉತ್ತರಕ್ಕೆ ಕಾಯದೆ ಕಳಿಸಬಹುದಾದ ಡೇಟಾಗೆ ಒಂದು ಮಿತಿ ಇರುತ್ತದೆ. ಹಳೆಯ ಸಣ್ಣ ಎನ್‌ಕೋಡರ್‌ನಲ್ಲಿ ಆ ಮಿತಿ 64 ಕಿಲೋಬೈಟ್ ಇದ್ದು, ಹೋಗಿಬರುವ ಸಮಯ 200 ಮಿಲಿಸೆಕೆಂಡ್ ಆದರೆ, ಲೈನ್ ಎಷ್ಟೇ ದಪ್ಪ ಇರಲಿ, ಹೋಗುವುದು ಸುಮಾರು 2.6 ಮೆಗಾಬಿಟ್ ಮಾತ್ರ. ಹತ್ತಿರದ ಸರ್ವರ್ ಆರಿಸುವುದು ಅಥವಾ ಎಸ್‌ಆರ್‌ಟಿಗೆ (ಸ್ಟ್ರೀಮ್ ಕಳಿಸುವ ಇನ್ನೊಂದು ವಿಧಾನಕ್ಕೆ) ಹೋಗುವುದು ಇದಕ್ಕೆ ಮದ್ದು. ಲೈನನ್ನು ಕನಿಷ್ಠ ಹದಿನೈದು ನಿಮಿಷ, ಕಾರ್ಯಕ್ರಮ ನಡೆಯುವ ಹೊತ್ತಿನಲ್ಲೇ ಅಳೆಯಿರಿ. ಜನ ತುಂಬಿದ ಸಭಾಂಗಣದ ಲೈನ್ ಖಾಲಿ ಸಭಾಂಗಣದ ಲೈನ್ ಅಲ್ಲ. ವಿಡಿಯೋ 6 ಮೆಗಾಬಿಟ್, ಆಡಿಯೋ 128 ಕಿಲೋಬಿಟ್ ಇದ್ದರೆ ಸತತವಾಗಿ 12 ಸಿಗುವಂತಿರಲಿ. ಕಡಿಮೆ ಎಂದರೆ 9. ಅದಕ್ಕಿಂತ ಕೆಳಗೆ ಬಂದಾಗಷ್ಟೇ ಬಿಟ್‌ರೇಟ್‌ಗೆ ಕೈ ಹಾಕಿ.

ಎಸ್‌ಆರ್‌ಟಿ ಎಂದೊಡನೆ ಎಲ್ಲರೂ ಎಡವುವುದು ಕಾಲರ್, ಲಿಸನರ್ ಪದಗಳಲ್ಲಿ. ಕಾಲರ್ ಎಂದರೆ ವಿಡಿಯೋ ಕಳಿಸುವವನಲ್ಲ, ಸಂಪರ್ಕ ಆರಂಭಿಸುವವನು. ವಿಡಿಯೋ ಯಾವ ದಿಕ್ಕಿಗಾದರೂ ಹರಿಯಬಹುದು. ಎನ್‌ಕೋಡರ್ ರೂಟರ್ ಹಿಂದೆ ಇದ್ದರೆ ಅದು ಕಾಲರ್, ಸಾರ್ವಜನಿಕ ವಿಳಾಸವಿರುವ ಸರ್ವರ್ ಲಿಸನರ್. ಮೊಬೈಲ್ ರೂಟರ್‌ಗೆ 100.64ರಿಂದ 100.127ರ ಸಾಲಿನ ವಿಳಾಸ ಬಂದಿದ್ದರೆ ಕಂಪನಿಯ ಹಂಚಿಕೆಯ ನ್ಯಾಟ್ (ಒಂದೇ ಸಾರ್ವಜನಿಕ ವಿಳಾಸವನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆ) ಹಿಂದೆ ಇದ್ದೀರಿ. ಅಲ್ಲಿ ಎನ್‌ಕೋಡರನ್ನು ಲಿಸನರ್ ಮಾಡಿ ಪೋರ್ಟ್ ಫಾರ್ವರ್ಡ್ ಮಾಡುವ ಸಾಹಸ ಫಲಿಸದು. ಫೈರ್‌ವಾಲ್ ಅರ್ಜಿಯಲ್ಲಿ ಟಿಸಿಪಿ ಎಂದು ಬರೆದುಬಿಡುವುದೂ ಸಾಮಾನ್ಯ. ಎಸ್‌ಆರ್‌ಟಿ ಓಡುವುದು ಯುಡಿಪಿಯಲ್ಲಿ.

ಲೇಟೆನ್ಸಿ ಸಂಖ್ಯೆಯನ್ನು ಅಂದಾಜಿನಿಂದ ಹಾಕಬೇಡಿ. ಅದು ಕಳೆದುಹೋದ ಪ್ಯಾಕೆಟ್ಟನ್ನು ಮತ್ತೆ ತರಿಸಿಕೊಳ್ಳಲು ಕೊಡುವ ಕಾಲಾವಕಾಶ. ನೀವು ಬದಲಿಸದಿದ್ದರೆ ಅದು 120 ಮಿಲಿಸೆಕೆಂಡ್. ಹೋಗಿಬರುವ ಸಮಯ 80 ಇದ್ದರೆ ಅಷ್ಟರಲ್ಲಿ ಒಂದೇ ಒಂದು ಸಲ ಮರಳಿ ಕೇಳಬಹುದು; ಆ ಪ್ರತಿಯೂ ಕಳೆದರೆ ಚಿತ್ರ ಒಡೆಯಿತು. ಹೋಗಿಬರುವ ಸಮಯದ ನಾಲ್ಕು ಪಟ್ಟು ಇಡುವುದು ರೂಢಿ, ಇಲ್ಲಿ 320. ಮೊಬೈಲ್ ನೆಟ್‌ವರ್ಕ್ ಆದರೆ ಇನ್ನೂ ಧಾರಾಳವಾಗಿ ಇಡಿ. ಎರಡು ತುದಿಯಲ್ಲಿ ಬೇರೆ ಬೇರೆ ಸಂಖ್ಯೆ ಇದ್ದರೆ ದೊಡ್ಡದೇ ಲೆಕ್ಕಕ್ಕೆ ಬರುತ್ತದೆ. ಕಳೆದ ಪ್ಯಾಕೆಟ್ಟನ್ನು ಮತ್ತೆ ಕಳಿಸಲು ಮೂಲದಲ್ಲಿ ಶೇ. 25 ಹೆಚ್ಚುವರಿ ಬ್ಯಾಂಡ್‌ವಿಡ್ತ್ ಮೀಸಲು, ಅಂದರೆ 6 ಮೆಗಾಬಿಟ್ ಸ್ಟ್ರೀಮ್ 7.5ರವರೆಗೆ ಏರಬಹುದು. ಪಾಸ್‌ಫ್ರೇಸ್ 10ರಿಂದ 79 ಅಕ್ಷರ, ಎರಡೂ ಕಡೆ ಚಾಚೂ ತಪ್ಪದೆ ಒಂದೇ. ಕಾಪಿ ಮಾಡುವಾಗ ಕೊನೆಗೆ ಅಂಟಿಕೊಳ್ಳುವ ಖಾಲಿ ಜಾಗವೂ ಒಂದು ಅಕ್ಷರವೇ. ಸ್ಟ್ರೀಮ್ ಕೀಗೂ ಇದೇ ಎಚ್ಚರ.

ಸಂಪರ್ಕ ಆಗುತ್ತದೆ, ಹಸಿರು ದೀಪ ಬರುತ್ತದೆ, ಚಿತ್ರ ಮಾತ್ರ ಹೋಗುವುದಿಲ್ಲ ಎಂದಾದರೆ ಎಂಟಿಯು (ಒಂದು ಪ್ಯಾಕೆಟ್ ಇರಬಹುದಾದ ಗರಿಷ್ಠ ಗಾತ್ರ) ನೋಡಿ. ಆರಂಭದ ಕೈಕುಲುಕಾಟದ ಪ್ಯಾಕೆಟ್‌ಗಳು ಸಣ್ಣವು, ನುಸುಳಿಬಿಡುತ್ತವೆ. ವಿಡಿಯೋ ಶುರುವಾದಾಗ 1500 ಬೈಟ್‌ನ ದೊಡ್ಡವು ವಿಪಿಎನ್ (ಇಂಟರ್‌ನೆಟ್ ಮೂಲಕ ಹಾಯುವ ಖಾಸಗಿ ಸುರಂಗ) ಬಾಯಲ್ಲಿ ಸಿಕ್ಕಿಬೀಳುತ್ತವೆ. ‘ದೊಡ್ಡದಾಯಿತು’ ಎಂದು ಹೇಳಬೇಕಾದ ಐಸಿಎಂಪಿ ಸಂದೇಶವನ್ನು ಫೈರ್‌ವಾಲ್ ತಡೆದಿದ್ದರೆ ಎನ್‌ಕೋಡರ್‌ಗೆ ಗೊತ್ತಾಗುವುದೇ ಇಲ್ಲ. ತುಂಡು ಮಾಡಬೇಡ ಎಂಬ ಗುರುತಿನೊಂದಿಗೆ 1472 ಬೈಟ್ ಪಿಂಗ್ ಕಳಿಸಿ. ಹೆಡರ್ (ಪ್ಯಾಕೆಟ್ಟಿನ ವಿಳಾಸ ಭಾಗ) 28 ಸೇರಿ 1500 ಆಗುತ್ತದೆ. ಹೋಗದಿದ್ದರೆ ಇಳಿಸುತ್ತಾ ಬನ್ನಿ. ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಬ್ರಾಡ್‌ಬ್ಯಾಂಡ್) ಲೈನ್‌ನಲ್ಲಿ ಮಿತಿ ಸಾಮಾನ್ಯವಾಗಿ 1492. ವಿಪಿಎನ್ ಇದ್ದರೆ ಎನ್‌ಕೋಡರ್‌ನಲ್ಲಿ 1400 ಇಟ್ಟು ನೋಡಿ. ಎಸ್‌ಆರ್‌ಟಿಗೆ ಈ ತೊಂದರೆ ಕಡಿಮೆ: 188 ಬೈಟ್‌ನ ಏಳು ಟಿಎಸ್ (ವಿಡಿಯೋ ತುಂಬಿದ) ಪ್ಯಾಕೆಟ್ ಸೇರಿ 1316, ಹೆಡರ್‌ಗಳೆಲ್ಲ ಕೂಡಿ 1360.

ಒಳ ನೆಟ್‌ವರ್ಕ್‌ನಲ್ಲಿ ಮಲ್ಟಿಕಾಸ್ಟ್ (ಒಂದೇ ಸ್ಟ್ರೀಮನ್ನು ಹಲವರು ಪಡೆಯುವ ರೀತಿ) ಕಳಿಸುವವರು 239ರಿಂದ ಶುರುವಾಗುವ ವಿಳಾಸ ಬಳಸಿ. ಟಿಟಿಎಲ್ (ಪ್ಯಾಕೆಟ್ ಎಷ್ಟು ರೂಟರ್‌ವರೆಗೆ ಹೋಗಬಹುದೆಂಬ ಎಣಿಕೆ) 1 ಇದ್ದರೆ ಸ್ಟ್ರೀಮ್ ಮೊದಲ ರೂಟರ್ ದಾಟುವುದಿಲ್ಲ. ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ (ಕೇಳಿದವರಿಗಷ್ಟೇ ಸ್ಟ್ರೀಮ್ ಕೊಡುವ ವ್ಯವಸ್ಥೆ) ಹಾಕಿ ಕ್ವೆರಿಯರ್ (ಯಾರು ನೋಡುತ್ತಿದ್ದಾರೆ ಎಂದು ಆಗಾಗ ಕೇಳುವವನು) ಹಾಕದೆ ಬಿಟ್ಟರೆ ಬಹಳ ತಮಾಷೆ: ನಾಲ್ಕು ನಿಮಿಷ ಚೆನ್ನಾಗಿ ನಡೆದು ಎಲ್ಲ ಟಿವಿಗಳಲ್ಲೂ ಚಿತ್ರ ನಿಲ್ಲುತ್ತದೆ. ಸದಸ್ಯತ್ವದ ಅವಧಿ ಮೂಲದಲ್ಲಿ 260 ಸೆಕೆಂಡ್; ‘ಇನ್ನೂ ನೋಡುತ್ತಿದ್ದೀರಾ’ ಎಂದು ಕೇಳುವವರಿಲ್ಲದಿದ್ದರೆ ಸ್ವಿಚ್ ಪಟ್ಟಿಯಿಂದ ಹೆಸರು ಅಳಿಸುತ್ತದೆ. ಒಂದು ನಿಮಿಷ ಪರೀಕ್ಷಿಸಿ ‘ಸರಿ ಇದೆ’ ಎಂದು ಎದ್ದವರಿಗೆ ಇದು ಕಾಣುವುದೇ ಇಲ್ಲ.

ಡಿಎಸ್‌ಸಿಪಿ ಗುರುತುಗಳ (ಪ್ಯಾಕೆಟ್ಟಿಗೆ ಆದ್ಯತೆ ಕೇಳುವ ಗುರುತುಗಳ) ಮೇಲೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮದೇ ಸ್ವಿಚ್‌ಗಳು ಮನ್ನಿಸಿದರೆ ಮನ್ನಿಸಿಯಾವು, ಇಂಟರ್‌ನೆಟ್ಟಿಗೆ ಹೋದ ಮೇಲೆ ಯಾರೂ ಕೇಳುವುದಿಲ್ಲ. ಮೂಲ ಪಾಸ್‌ವರ್ಡ್ ಮಾತ್ರ ಅದೇ ದಿನ ಬದಲಿಸಿ, ಸೆಟ್ಟಿಂಗ್ ಪುಟದ 80ನೇ ಪೋರ್ಟನ್ನು ಹೊರಜಗತ್ತಿಗೆ ತೆರೆಯಬೇಡಿ.

ಎಲ್ಲ ಆದಮೇಲೆ ಸ್ಟ್ರೀಮ್ ನಡೆಯುತ್ತಿರುವಾಗಲೇ ಎನ್‌ಕೋಡರ್‌ನ ವಿದ್ಯುತ್ ಕಿತ್ತು, ಹತ್ತು ಸೆಕೆಂಡ್ ಬಿಟ್ಟು ಹಚ್ಚಿ. ಯಾರೂ ಏನೂ ಮುಟ್ಟದೆ ಚಿತ್ರ ತಾನಾಗಿ ಮರಳಿ ಬರಬೇಕು. ಬರದಿದ್ದರೆ ಯಾವುದೋ ಸೆಟ್ಟಿಂಗ್ ಉಳಿದಿಲ್ಲ, ಗಡಿಯಾರ ಹಿಂದೆ ಹೋಗಿದೆ, ಅಥವಾ ‘ಆಟೋ ಸ್ಟಾರ್ಟ್’ ಗುರುತು ಹಾಕಿಲ್ಲ. ಬಂದರೆ ಮ್ಯಾಕ್ ವಿಳಾಸ, ಐಪಿ, ಸ್ವಿಚ್ ಪೋರ್ಟ್ ಸಂಖ್ಯೆ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಡಬ್ಬದ ಮೇಲ್ಭಾಗಕ್ಕೆ ಅಂಟಿಸಿ. ತಯಾರಕರು ಅಂಟಿಸಿರುವುದು ತಳದಲ್ಲಿ, ರ್‍ಯಾಕ್‌ಗೆ ಸ್ಕ್ರೂ ಹಾಕಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.